ಆಣೆಯಿಲ್ಲದ ಮಾತು

ಹಡಗಿನಲ್ಲಿ ಬರುವವನಿಗೆ ಕಿಂಗ್ಸ್‌ಮೌತ್ ಪಟ್ಟಣ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಾಕುತ್ತಿತ್ತು. ಆಲೆಮನೆಗಳಲ್ಲಿ ಕುದಿಯುವ ಕಬ್ಬಿನ ಹಾಲು, ಹುಳಿತ ಕಾಕಂಬಿ, ಡಾಂಬರು ಬಳಿದ ಹಗ್ಗ, ಇವೆಲ್ಲ ಬೆರೆತ ಗಾಳಿ ದಡಕ್ಕಿಂತ ಮುಂಚೆ ಎದುರುಗೊಳ್ಳುತ್ತಿತ್ತು. ಆಮೇಲೆ ಕೋಟೆಯ ಬುರುಜು, ಬುರುಜಿನ ಮೇಲೆ ಇಂಗ್ಲೆಂಡಿನ ದೊರೆಯ ಧ್ವಜ, ಗುಡ್ಡದ ನೆತ್ತಿಯಲ್ಲಿ ರಾಜ್ಯಪಾಲರ ಬಿಳಿಯ ಅರಮನೆ ಒಂದೊಂದಾಗಿ ಮೇಲೇಳುತ್ತಿದ್ದವು. ಅಟ್ಲಾಂಟಿಕ್ ಮಹಾಸಾಗರದ ಪಶ್ಚಿಮದ ಆ ಪುಟ್ಟ ದ್ವೀಪದಲ್ಲಿ ರಾಜನಿರಲಿಲ್ಲ. ಆದರೆ ರಾಜನಿದ್ದಲ್ಲಿ ಏನೇನು ಇರಬೇಕೋ ಅದೆಲ್ಲ ಇತ್ತು: ಕಹಳೆ, ಓಲಗ, ಮುಖಸ್ತುತಿ, ಬೆನ್ನ ಹಿಂದಿನ ಪಿಸುಮಾತು. ಆ ಊರಿನ ಸಿಹಿಯನ್ನೆಲ್ಲ ಹಿಂಡಿ ತೆಗೆಯುತ್ತಿದ್ದವರು ಆಫ್ರಿಕಾದಿಂದ ಸಂಕೋಲೆ ತೊಡಿಸಿ ತಂದ ಜನ. ಅವರ ಮಾತನ್ನು ಆಸ್ಥಾನದಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿರುವುದನ್ನೇ ಅಲ್ಲಿ ಸಭ್ಯತೆ ಎನ್ನುತ್ತಿದ್ದರು.

ನಾನು ಹೇಳಹೊರಟ ದಿನ ಅರಮನೆಯ ನ್ಯಾಯಸಭೆ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಎತ್ತರದ ಪೀಠದಲ್ಲಿ ರಾಜ್ಯಪಾಲ ಲಾರ್ಡ್ ಥಾರ್ನ್‌ಬರಿ ಕುಳಿತಿದ್ದರು. ಹಳೆಯ ಜ್ವರ ಅವರನ್ನು ಅರ್ಧ ತಿಂದಿತ್ತು, ಗಾಂಭೀರ್ಯವೊಂದೇ ಮೊದಲಿನ ಹಾಗೆ ಉಳಿದಿತ್ತು. ಹನ್ನೆರಡು ವರ್ಷ ಅವರ ಬಲಗಡೆ ಕುಳಿತು ಆಡಳಿತ ನಡೆಸಿದ್ದ ಮಂತ್ರಿ ಜರ್ವಾಸ್ ಹೋಲ್ಟನ್ ಅಂದು ಕಟಕಟೆಯಲ್ಲಿ ನಿಂತಿದ್ದನು.

ಆರೋಪ ಸಣ್ಣದಲ್ಲ. ಹಿಂದಿನ ಗುರುವಾರ ಸಂಜೆ ಕೋಟೆಯ ಸಿಡಿಮದ್ದಿನ ಪೀಪಾಯಿಗಳು ಪಶ್ಚಿಮದ ಕೊಲ್ಲಿಯಲ್ಲಿ ಫ್ರೆಂಚರ ದೋಣಿಗೆ ಏರಿದ್ದವು; ಶತ್ರುವಿಗೆ ಮದ್ದು ಮಾರಿದವನಿಗೆ ನೇಣಲ್ಲದೆ ಬೇರೆ ಶಿಕ್ಷೆಯಿರಲಿಲ್ಲ. ಸುಂಕದ ಕಟ್ಟೆಯ ಕಾವಲುಗಾರ ಪಿಮ್ ಬೈಬಲ್ಲಿನ ಮೇಲೆ ಕೈಯಿಟ್ಟು, ಮಂತ್ರಿಗಳು ಲಾಟೀನು ಹಿಡಿದು ದಡದಲ್ಲಿ ನಿಂತಿದ್ದುದನ್ನು ಕಣ್ಣಾರೆ ಕಂಡೆನೆಂದು ಪ್ರಮಾಣ ಮಾಡಿದನು. ಮಾಡಿದ ಮೇಲೆ ಒಮ್ಮೆ ದಂಡನಾಯಕ ಸ್ಟ್ರೇಕನ ಮುಖ ನೋಡಿದನು. ಮಂತ್ರಿಯ ಸ್ಥಾನದ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದ್ದ ಸ್ಟ್ರೇಕ್ ತನ್ನ ಕೈಗವಸನ್ನು ನೀವಿಕೊಳ್ಳುತ್ತ ಏನೂ ಅರಿಯದವನಂತೆ ಕುಳಿತಿದ್ದನು.

"ಹೋಲ್ಟನ್, ಆ ಸಂಜೆ ನೀವು ಎಲ್ಲಿದ್ದಿರಿ?" ಎಂದರು ರಾಜ್ಯಪಾಲರು.

"ಕೊಲ್ಲಿಯಲ್ಲಿರಲಿಲ್ಲ, ಪ್ರಭು. ಎಲ್ಲಿದ್ದೆನೆಂಬುದನ್ನು ಅರಿಕೆ ಮಾಡಿಕೊಳ್ಳಲಾರೆ."

ಸಭೆ ಗುಜುಗುಟ್ಟಿತು. ಹೋಲ್ಟನ್ ಎಲ್ಲಿದ್ದನೆಂಬುದನ್ನು ಓದುಗರಿಂದ ನಾನೇಕೆ ಮುಚ್ಚಿಡಲಿ? ಬಂದರಿನ ಹಿಟ್ಟಿನ ಮಳಿಗೆಯ ಹಿಂಭಾಗದ ಕೋಣೆಯಲ್ಲಿ, ಜ್ವರದಿಂದ ನರಳುತ್ತಿದ್ದ ಒಬ್ಬ ಹೆಣ್ಣುಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದನು. ಆಕೆ ಸಿಸಿಲಿ, ಇದೇ ರಾಜ್ಯಪಾಲರ ಒಬ್ಬಳೇ ಮಗಳು.

ಆ ಮಳಿಗೆಯ ಒಡೆಯ ಓಬದಾಯ ಕ್ರೇನ್ ಕ್ರೈಸ್ತರಲ್ಲಿ ಕ್ವೇಕರ್ ಪಂಥದವನು. ತಮ್ಮನ್ನು ತಾವು ಮಿತ್ರರೆಂದು ಕರೆದುಕೊಳ್ಳುತ್ತಿದ್ದ ಈ ಜನ ಯಾವ ದೊರೆಯ ಮುಂದೆಯೂ ಟೋಪಿ ತೆಗೆಯರು. ಲಾರ್ಡನನ್ನೂ ಜೀತದವನನ್ನೂ ಒಂದೇ ಬಾಯಲ್ಲಿ 'ನೀನು' ಎನ್ನುವರು. ಕುತ್ತಿಗೆಯ ಮೇಲೆ ಕತ್ತಿಯಿಟ್ಟರೂ ಆಣೆ ಮಾಡರು. ಆದರೂ ವ್ಯಾಪಾರಸ್ಥರಿಗೆ ಇವರೆಂದರೆ ಪ್ರಾಣ. ಫಿಲಡೆಲ್ಫಿಯದ ಹಿಟ್ಟು, ನ್ಯೂಪೋರ್ಟಿನ ಎಣ್ಣೆ, ಬ್ರಿಸ್ಟಲ್ಲಿನ ಕಬ್ಬಿಣ, ಎಲ್ಲವೂ ಒಬ್ಬ ಮಿತ್ರನ ಕಾಗದ ನಂಬಿ ಇನ್ನೊಬ್ಬ ಮಿತ್ರನ ಕೈ ಸೇರುತ್ತಿದ್ದವು. ಹಿಟ್ಟಿನ ಪೀಪಾಯಿಯ ಜೊತೆಯಲ್ಲೇ ಯಾರಿಗೆ ಮಗು ಹುಟ್ಟಿತು, ಯಾರು ಸೆರೆ ಸೇರಿದರು, ಯಾರಿಗೆ ಕಾಯಿಲೆ ಎಂಬ ಸುದ್ದಿಯೂ ಬರುತ್ತಿತ್ತು. ಸರಕಾರಿ ಅಂಚೆ ಇನ್ನೂ ಹಾಯಿ ಬಿಚ್ಚುವಷ್ಟರಲ್ಲಿ ಇವರ ಕಾಗದ ಬಂದು ಓದಿ ಮುಗಿದಿರುತ್ತಿತ್ತು.

ಸಿಸಿಲಿ ಇವರ ಪ್ರಾರ್ಥನಾ ಸಭೆಗೆ ಹೋಗತೊಡಗಿದಾಗ ಅರಮನೆಯಲ್ಲಿ ಬಿರುಗಾಳಿಯೆದ್ದಿತು. ಲಂಡನ್ನಿನಿಂದ ಬಂದ ಬಿಷಪ್ಪರ ಔತಣದ ದಿನ ತಂದೆ ಮಗಳನ್ನು ಒಳಗೆ ಕರೆದು ಅಂಗಲಾಚಿದರು: ಆ ಪಂಥ ಬಿಟ್ಟೆನೆಂದು ಊಟದ ಮೇಜಿನಲ್ಲಿ ಒಂದು ಮಾತು ಹೇಳು, ನಾಳೆಯಿಂದ ನಿನ್ನಿಷ್ಟ. ಅವಳಿಂದ ಆಗಲಿಲ್ಲ. ಆ ವಾರವೇ ಫಿಲಡೆಲ್ಫಿಯಕ್ಕೆ ಹಡಗು ಹತ್ತಿದಳು. ಸಿಟ್ಟಿನ ಭರದಲ್ಲಿ ರಾಜ್ಯಪಾಲರು ಒಂದು ಕಾನೂನಿಗೆ ರುಜು ಹಾಕಿದರು: ಹೊರಗಿನಿಂದ ಬಂದಿಳಿಯುವ ಯಾವ ಕ್ವೇಕರನನ್ನೇ ಆಗಲಿ ಸಂತೆಯ ಕಂಬಕ್ಕೆ ಕಟ್ಟಿ ಚಾವಟಿಯಿಂದ ಹೊಡೆದು ಬಂದ ಹಡಗಿನಲ್ಲೇ ಹಿಂದಕ್ಕಟ್ಟತಕ್ಕದ್ದು.

ಅಂದಿನಿಂದ ಅರಮನೆಯಲ್ಲಿ ಸಿಸಿಲಿಯ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಉತ್ತರದಿಂದ ಹಡಗು ಬಂದಾಗಲೆಲ್ಲ ಹೋಲ್ಟನ್ ಹಿತ್ತಿಲ ಬಾಗಿಲಿನಿಂದ ಓಬದಾಯನ ಮನೆಗೆ ಹೋಗಿ "ಮಗು ಹೇಗಿದೆಯಂತೆ?" ಎಂದು ಕೇಳಿ ಬರುತ್ತಿದ್ದನು. ಮರುದಿನ ಕಾಗದಪತ್ರಗಳ ನಡುವೆ, "ಫಿಲಡೆಲ್ಫಿಯದಲ್ಲಿ ಈ ಸಲ ಚಳಿ ಕಡಿಮೆಯಂತೆ, ಪ್ರಭು. ಜನ ಆರೋಗ್ಯವಾಗಿದ್ದಾರಂತೆ" ಎನ್ನುತ್ತಿದ್ದನು. ರಾಜ್ಯಪಾಲರು ಏಕೆಂದು ಕೇಳುತ್ತಿರಲಿಲ್ಲ. ಅವನ ಮಾತು ಮುಗಿಯುವ ತನಕ ಅವರ ಲೇಖನಿ ಮಾತ್ರ ಮುಂದೆ ಸಾಗುತ್ತಿರಲಿಲ್ಲ.

ತಂದೆಗೆ ಜ್ವರ ಬಿಡುತ್ತಿಲ್ಲವೆಂಬ ಸುದ್ದಿ ಅದೇ ಕಾಗದಗಳಲ್ಲಿ ಹಿಮ್ಮುಖವಾಗಿ ಪ್ರಯಾಣ ಮಾಡಿ ಸಿಸಿಲಿಯನ್ನು ಮುಟ್ಟಿತು. ಒಂದು ಮಿತ್ರರ ಮನೆ ಇನ್ನೊಂದಕ್ಕೆ ಕಾಗದ ಬರೆದು, ಊರಿಂದೂರಿಗೆ ಅವಳನ್ನು ದಾಟಿಸುತ್ತ ಕೊನೆಗೆ ಓಬದಾಯನ ಮನೆಗೆ ತಲುಪಿಸಿತು. ದೂರದಿಂದಾದರೂ ಅಪ್ಪನನ್ನು ಒಮ್ಮೆ ನೋಡಿ ಹೋಗುವ ಆಸೆ ಅವಳದು. ಬಂದವಳು ತಾನೇ ಹಾಸಿಗೆ ಹಿಡಿದಳು. ಹೋಲ್ಟನ್ ಬಾಯಿ ಬಿಟ್ಟರೆ ಅವಳ ಬೆನ್ನಿಗೆ ಚಾವಟಿ ಬೀಳಬೇಕು. ಹೊಡೆಯಿರೆಂಬ ಆಜ್ಞೆಗೆ ಹೆತ್ತ ತಂದೆಯೇ ರುಜು ಹಾಕಬೇಕು.

ಅಷ್ಟರಲ್ಲಿ ಸಭೆಯ ಹಿಂದಿನಿಂದ ಓಬದಾಯ ಎದ್ದು ನಿಂತನು, ಟೋಪಿ ತಲೆಯ ಮೇಲೇ ಇತ್ತು.

"ಥಾರ್ನ್‌ಬರಿ, ಆ ಸಂಜೆ ಜರ್ವಾಸ್ ನನ್ನ ಮನೆಯಲ್ಲಿದ್ದ. ದೀಪ ಹಚ್ಚುವ ಹೊತ್ತಿಗೆ ಬಂದವನು ಊರು ಮಲಗುವವರೆಗೆ ಕದಲಲಿಲ್ಲ."

"ಏಕೆ ಬಂದಿದ್ದರು?" ಎಂದನು ಸ್ಟ್ರೇಕ್.

"ಅದನ್ನು ಹೇಳಲಾರೆ. ಹೇಳಿದ್ದು ಮಾತ್ರ ನಿಜ."

"ಹಾಗಾದರೆ ಪ್ರಮಾಣ ಮಾಡಲಿ. ಮಾಡದಿದ್ದರೆ ಕಾನೂನು ಏನೆನ್ನುತ್ತದೆಂದು ಗುಮಾಸ್ತರು ದಯವಿಟ್ಟು ಓದಬೇಕು."

ಗುಮಾಸ್ತ ಓದಿದನು: ಆಣೆಯಿಲ್ಲದ ಮಾತು ಗಾಳಿಗೆ ಹೋದ ಮಾತು, ಅದನ್ನು ಯಾವ ನ್ಯಾಯಸಭೆಯೂ ಆಲಿಸತಕ್ಕದ್ದಲ್ಲ. ಆ ಕಾನೂನು ಬರೆದವನು ಇದೇ ಹೋಲ್ಟನ್. ಹಿಂದೊಮ್ಮೆ ಇದೇ ಓಬದಾಯ ರಾಜನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಹೋದಾಗ, ಅವನ ಹಟ ಮುರಿಯಲೆಂದೇ ಬರೆದದ್ದು. ವಾಕ್ಯ ಚೆನ್ನಾಗಿ ಕೂತಿದೆಯೆಂದು ಆಗ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಇಂದು ಅದೇ ವಾಕ್ಯ ಅವನ ಕುತ್ತಿಗೆಗೇ ಬಂದಿತ್ತು.

ಓಬದಾಯ ಆಣೆ ಮಾಡಲಾರೆನೆಂದು ತಲೆಯಲ್ಲಾಡಿಸಿದನು. ಸಭೆಗೆ ಅಗೌರವ ತೋರಿದ್ದಕ್ಕಾಗಿ ಅವನನ್ನೂ ಸೆರೆಗೆ ತಳ್ಳಿದರು. ತೀರ್ಪು ಮರುದಿನಕ್ಕೆ ಹೋಯಿತು.

ಬಂದೀಖಾನೆಯಲ್ಲಿ ಇಬ್ಬರಿಗೂ ಸಿಕ್ಕಿದ್ದು ಒಂದೇ ಕೋಣೆ. ಮಧ್ಯಾಹ್ನದ ಬಿಸಿಲು ಸರಳುಗಳ ನಡುವಿನಿಂದ ಒಳಗೆ ಬೀಳುತ್ತಿತ್ತು. ಹೋಲ್ಟನ್ ಬಹಳ ಹೊತ್ತು ಅತ್ತಿತ್ತ ತಿರುಗಾಡಿ, ಕೊನೆಗೆ ಮಂತ್ರಿಯ ಬಿಗುಮಾನವನ್ನೆಲ್ಲ ಬಿಟ್ಟು ಆ ವರ್ತಕನ ಎದುರು ಕುಕ್ಕುರುಗಾಲಲ್ಲಿ ಕುಳಿತನು.

"ಕ್ರೇನ್ ಅವರೆ, ಒಂದೇ ಒಂದು ಸಲ ಆ ಗ್ರಂಥದ ಮೇಲೆ ಕೈಯಿಡಿ. ಹೇಳುವುದು ಸುಳ್ಳೇನೂ ಅಲ್ಲವಲ್ಲ. ಒಂದು ಜೀವ ಉಳಿಯುತ್ತದೆ. ನಿಮ್ಮ ದೇವರು ಅಷ್ಟನ್ನೂ ಕ್ಷಮಿಸಲಾರನೆ?"

"ಇವತ್ತು ಆಣೆ ಮಾಡಿದರೆ ಮಿಕ್ಕ ದಿನ ನಾನಾಡಿದ ಮಾತು ಏನಾಯಿತು, ಜರ್ವಾಸ್? ಬ್ರಿಸ್ಟಲ್ಲಿನಲ್ಲಿರುವವನು ನನ್ನ ಮುಖ ಕಂಡಿಲ್ಲ. ಅವನ ಬಳಿ ಇರುವುದು ನನ್ನ ಮಾತೊಂದೇ. ಅದನ್ನು ನಂಬಿ ಸಮುದ್ರಕ್ಕೆ ಸರಕು ಬಿಡುತ್ತಾನೆ. ಅದನ್ನೇ ನಂಬಿ ಆ ಹುಡುಗಿಯನ್ನು ಕಳಿಸಿಕೊಟ್ಟರು. ಆಣೆ ಮಾಡಿದ ದಿನ ಪೂರ್ತಿ ನಿಜ, ಮಾಡದ ದಿನ ಅಷ್ಟಕ್ಕಷ್ಟೆ ಎಂದಾದರೆ ಯಾರನ್ನು ಯಾರು ನಂಬಬೇಕು?"

"ಅಂತೂ ನಿಮ್ಮ ಮಾತು ಉಳಿಯಲಿ, ನನ್ನ ಕುತ್ತಿಗೆ ಹೋಗಲಿ ಅನ್ನಿ."

ಹೋಲ್ಟನ್ ತಲೆಯೆತ್ತಿ ನೋಡಿದರೆ ಆ ಮನುಷ್ಯ ಅಳುತ್ತಿದ್ದನು, ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅಳುತ್ತಿದ್ದನು. ಹೋಲ್ಟನನ ಸಿಟ್ಟು ಅಲ್ಲಿಗೆ ಇಳಿಯಿತು. ಇಷ್ಟು ಸಂಕಟಪಡುವವನು ಹಟಕ್ಕಾಗಿ ಹಟ ಮಾಡುತ್ತಿಲ್ಲವೆಂಬುದು ಅವನಿಗೆ ಮೊದಲ ಬಾರಿ ಹೊಳೆಯಿತು.

"ನೀನಾದರೂ ಹೇಳಿಬಿಡಬಹುದಲ್ಲ," ಎಂದನು ಓಬದಾಯ. "ಅವಳು ಇಲ್ಲಿದ್ದಾಳೆ ಎಂದು."

"ಹೇಳಿದರೆ ಪ್ರಭುಗಳು ಮಗಳ ಬೆನ್ನು ಸೀಳುವ ಆಜ್ಞೆಗೆ ರುಜು ಹಾಕಬೇಕು, ಇಲ್ಲವೆ ತಾವೇ ಮಾಡಿದ ಕಾನೂನು ಮುರಿದು ಸ್ಟ್ರೇಕನ ಕೈಗೆ ಜುಟ್ಟು ಕೊಡಬೇಕು. ಹನ್ನೆರಡು ವರ್ಷ ಅವರ ಅನ್ನ ತಿಂದಿದ್ದೇನೆ. ಆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನಾನು ಅವರನ್ನು ಕೇಳಲಾರೆ."

ಸಂಜೆ ಓಬದಾಯನ ಹೆಂಡತಿ ರೊಟ್ಟಿ ತಂದಳು. ಸರಳಿನ ಆಚೆ ನಿಂತವಳಿಗೆ ಅವನು ನಡೆದದ್ದನ್ನೆಲ್ಲ ಹೇಳಿ, "ನಮ್ಮವರಿಗೆ ತಿಳಿಸು. ದೇಹಕ್ಕೆ ದೇಹ," ಎಂದನು. ಸೆರೆಯಲ್ಲಿ ಸಾಯುವಂತಾದ ಮಿತ್ರನ ಬದಲಿಗೆ ನನ್ನನ್ನು ಕೂಡಿ ಹಾಕಿ ಎಂದು ಇನ್ನೊಬ್ಬ ಮಿತ್ರ ಹೋಗಿ ಕೇಳುವುದು ಆ ಜನರ ರೂಢಿ.

"ನಾನು ನಿಮ್ಮವನಲ್ಲ," ಎಂದನು ಹೋಲ್ಟನ್.

"ಇರಲಿ ಬಿಡು."

"ಸಿಸಿಲಿಗೆ ಮಾತ್ರ ತಿಳಿಯಬಾರದು, ತಾಯಿ."

"ನಾನಾಗಿ ಹೇಳುವುದಿಲ್ಲ," ಎಂದಳು ಆಕೆ. "ಕೇಳಿದರೆ ಸುಳ್ಳಾಡಲಾರೆ."

ಹೋಲ್ಟನ್ ಹಣೆ ಹಿಡಿದುಕೊಂಡು ಕುಳಿತನು. ಇಂಥ ಜನರ ಸಹವಾಸ ಯಾವ ಶತ್ರುವಿಗೂ ಬೇಡವೆನ್ನಿಸಿತು.

ಮರುದಿನ ಗುಮಾಸ್ತ ತೀರ್ಪಿನ ಸುರುಳಿ ಬಿಚ್ಚಿದ್ದನಷ್ಟೆ. ಸಭೆಯ ಬಾಗಿಲು ತೆರೆದು, ಬೂದುಬಣ್ಣದ ಉಡುಪಿನ ಗಂಡಸರೂ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬಂದು ಕಟಕಟೆಯ ಪಕ್ಕದಲ್ಲಿ ನಿಂತರು. ಗಂಡಸರಲ್ಲಿ ಒಬ್ಬನೂ ಟೋಪಿ ತೆಗೆಯಲಿಲ್ಲ. ಕಾವಲಿನವರ ನಡುವೆ ನಿಂತಿದ್ದ ಓಬದಾಯ ಮಾತಾಡಿದನು.

"ಥಾರ್ನ್‌ಬರಿ, ನಮಗೆ ಆಣೆ ಮಾಡಲು ಬಾರದು. ಇರುವುದನ್ನು ಕೊಡುತ್ತೇವೆ. ಇವನ ಬದಲು ನನ್ನನ್ನು ನೇಣಿಗೆ ಹಾಕು. ನಾನು ಸಾಲದಿದ್ದರೆ ಇವರಲ್ಲಿ ಯಾರನ್ನಾದರೂ ತೆಗೆದುಕೊ."

"ನನ್ನನ್ನು ತೆಗೆದುಕೊ," ಎಂದನು ಪಕ್ಕದ ಮುದುಕ. "ನನ್ನನ್ನು," ಎಂದಳು ಅವನ ಸೊಸೆ.

"ಏನಿದು ಬಯಲಾಟ?" ಎಂದು ಸ್ಟ್ರೇಕ್ ನಕ್ಕನು. ಸಭೆಯಲ್ಲಿ ಬೇರೆ ಯಾರೂ ನಗಲಿಲ್ಲ.

ಸಾಲಿನ ಕೊನೆಯಲ್ಲಿ ಗೋಡೆ ಹಿಡಿದುಕೊಂಡು ಒಬ್ಬಳು ಬಂದಳು. ಹೋಲ್ಟನ್ ಅವಳನ್ನು ಕಂಡವನೇ ಕಣ್ಣು ಮುಚ್ಚಿದನು, ತನ್ನ ಮೌನವೆಲ್ಲ ನೀರಿನಲ್ಲಿ ಹೋಮವಾಯಿತೆಂದುಕೊಂಡನು. ಅವಳು ಕಟಕಟೆಯ ಮುಂದೆ ಬಂದು, ಜ್ವರದಿಂದ ಒಡೆದ ತುಟಿಯಲ್ಲಿ ಮೆಲ್ಲಗೆ ಹೇಳಿದಳು:

"ಅಪ್ಪ, ಆ ಸಂಜೆ ಜರ್ವಾಸ್ ನನ್ನ ಹಾಸಿಗೆಯ ಪಕ್ಕ ಕೂತಿದ್ದ. ನಿನ್ನ ಕಾನೂನು ನನ್ನನ್ನು ಹೊಡೆಯುತ್ತದೆಂದು ಬಾಯಿ ಬಿಡಲಿಲ್ಲ. ಹೊಡೆಸುವುದಿದ್ದರೆ ಹೊಡೆಸು. ಅವನನ್ನು ಬಿಡು."

ರಾಜ್ಯಪಾಲರ ಮುಖದ ಬಣ್ಣವೆಲ್ಲ ಇಳಿದುಹೋಯಿತು. ಸ್ಟ್ರೇಕ್ ಎದ್ದು ನಿಂತನು. ಅವನ ದನಿಯಲ್ಲಿ ಆತುರವಿತ್ತು.

"ಪ್ರಭುಗಳು ಮನ್ನಿಸಬೇಕು. ಈಕೆಯೂ ಅದೇ ಪಂಥದವಳು. ಪ್ರಮಾಣವಿಲ್ಲದೆ ಈಕೆಯ ಮಾತನ್ನೂ ಸಭೆ ಆಲಿಸುವಂತಿಲ್ಲ. ಕಾನೂನು ಎಲ್ಲರಿಗೂ ಒಂದೇ."

ಗುಮಾಸ್ತ ಬೈಬಲನ್ನು ಅವಳ ಮುಂದೆ ಹಿಡಿದನು. ಅವಳು ಅದನ್ನು ಗೌರವದಿಂದ ನೋಡಿ, "ಮಾಡಲಾರೆ," ಎಂದಳು.

"ದಂಡನಾಯಕರು ಹೇಳಿದ್ದು ಸರಿ," ಎಂದರು ರಾಜ್ಯಪಾಲರು. ಹೇಳಿ, ಪೀಠದ ತೋಳನ್ನು ಊರಿಕೊಂಡು ನಿಧಾನವಾಗಿ ಎದ್ದರು. "ಕಾನೂನಿಗೆ ಒಂದು ಆಣೆ ಬೇಕು. ಗ್ರಂಥವನ್ನು ಇತ್ತ ತನ್ನಿ."

ಗುಮಾಸ್ತ ತಬ್ಬಿಬ್ಬಾಗಿ ಒಯ್ದು ಕೊಟ್ಟನು. ಅವರು ಅದರ ಮೇಲೆ ಕೈಯಿಟ್ಟರು.

"ಮೂರು ವರ್ಷದ ಹಿಂದೆ ನಾನು ಈ ಹುಡುಗಿಯ ಹತ್ತಿರ ಒಂದು ಸುಳ್ಳು ಕೇಳಿದೆ. ಒಂದೇ ಒಂದು, ಊಟದ ಹೊತ್ತಿಗೆ, ಅತಿಥಿಗಳ ಮುಂದೆ. ಅದನ್ನು ಹೇಳಲು ಬಂದಿದ್ದರೆ ಇವಳು ಇವತ್ತಿಗೂ ನನ್ನ ಮನೆಯಲ್ಲಿರುತ್ತಿದ್ದಳು. ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಥಾರ್ನ್‌ಬರಿಯಾದ ನಾನು ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ. ಬರೆದುಕೊಳ್ಳಿ."

ಲೇಖನಿಯ ಕರಕರ ಸದ್ದು ಸಭೆಯ ಆಚೆ ಕೊನೆಗೂ ಕೇಳಿಸಿತು. ರಾಜ್ಯಪಾಲರು ಪಿಮ್‌ನ ಕಡೆ ತಿರುಗಿ, "ನೀನೂ ಇದರ ಮೇಲೇ ಕೈಯಿಟ್ಟಿದ್ದೆಯಲ್ಲವೆ? ಇನ್ನೊಮ್ಮೆ ಇಡು," ಎಂದರು. ಪಿಮ್ ಗ್ರಂಥದ ಹತ್ತಿರ ಬಂದನು, ಆದರೆ ಅದನ್ನು ಮುಟ್ಟಲಿಲ್ಲ. ಕೊಲ್ಲಿಯಲ್ಲಿ ಲಾಟೀನು ಹಿಡಿದು ನಿಂತವರು ದಂಡನಾಯಕರೆಂದೂ ಅವರಿಗೆ ಹೆದರಿ ಹೀಗೆ ಹೇಳಿದೆನೆಂದೂ ಒದರಿಬಿಟ್ಟನು. ಕಾವಲಿನವರು ಓಬದಾಯನನ್ನು ಬಿಟ್ಟು ಸ್ಟ್ರೇಕನ ಪಕ್ಕಕ್ಕೆ ಹೋಗಿ ನಿಂತರು.

"ಮಗಳಿಗಾಗಿ ಕಾನೂನು ಮುರಿದ ಸುದ್ದಿ ಲಂಡನ್ನಿಗೆ ಮುಟ್ಟುತ್ತದೆ," ಎಂದನು ಸ್ಟ್ರೇಕ್. "ಮುಂದಿನ ಹಡಗಿನಲ್ಲಿ ನಿಮಗೂ ಕರೆ ಬರುತ್ತದೆ."

"ಬರಲಿ," ಎಂದರು ಅವರು. "ಆ ಚಾವಟಿಯ ಕಾನೂನು ನನ್ನದು. ನಾನೇ ರದ್ದು ಮಾಡಿ ಹೋಗುತ್ತೇನೆ."

ಆಮೇಲೆ ಅವರು ಒಂದೊಂದೇ ಮೆಟ್ಟಿಲು ಇಳಿದು ಮಗಳ ಎದುರು ಬಂದು ನಿಂತರು. ಒಮ್ಮೆ ಕಟಕಟೆಯಲ್ಲಿದ್ದ ಹೋಲ್ಟನನನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು.

"ಫಿಲಡೆಲ್ಫಿಯದಲ್ಲಿ ಈ ಸಲ ಚಳಿ ಹೇಗಿತ್ತಮ್ಮ?" ಎಂದರು.

ಎರಡು ದಿನ ನೇಣಿನ ನೆರಳಿನಲ್ಲಿ ನೆಟ್ಟಗೆ ನಿಂತಿದ್ದ ಮಂತ್ರಿ ಜರ್ವಾಸ್ ಹೋಲ್ಟನ್ ಆ ಮಾತು ಕೇಳಿ ಕಟಕಟೆಯ ನೆಲದ ಮೇಲೆ ಕುಳಿತುಬಿಟ್ಟು, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತನು.