ನೋಯದ ಸೂಜಿ

ಪಾರಿವಾಳದ ಗೋಪುರದ ಮಡಕೆಯೊಳಗೆ ಕೈ ಹಾಕಿದ ಉಮ್ ತಹಾನಿಗೆ ಮೊಟ್ಟೆ ಸಿಗಲಿಲ್ಲ, ಮರಿಯೂ ಸಿಗಲಿಲ್ಲ. ಗಾಜಿನ ಸೀಸೆಗಳು ಸಿಕ್ಕವು.

ಕಲ್ಲಂಗಡಿ ಬಳ್ಳಿಗೆ ಹಿಕ್ಕೆಯ ಗೊಬ್ಬರ ಬೇಕಿತ್ತು. ಬನೀ ಮಿಸ್ಕ್ ಹಳ್ಳಿಯ ಆರೋಗ್ಯ ಕೇಂದ್ರದ ಹಿಂದಿನ ಆ ಮಣ್ಣಿನ ಗೋಪುರ ವರ್ಷಗಳಿಂದ ಪಾಳು. ಕೆರೆದರೆ ಒಂದು ಚೀಲವಾದರೂ ಆದೀತು ಎಂದು ಅವಳು ಬೆಳಿಗ್ಗೆ ಒಳಹೊಕ್ಕಿದ್ದಳು. ಗೋಡೆಯ ತುಂಬ ಗೂಡಿಗೆಂದು ಹೂತ ಮಡಕೆಗಳು. ಕೆಳಸಾಲಿನ ಹದಿನಾಲ್ಕರಲ್ಲಿ ಹನ್ನೆರಡು ಹನ್ನೆರಡು ಸೀಸೆ. ಒಂದರ ಮುದ್ರೆಯೂ ಒಡೆದಿರಲಿಲ್ಲ.

ಅವಳಿಗೆ ಓದು ಬಾರದು. ಆದರೆ ಆ ಸೀಸೆಯ ಗುರುತು ಚೆನ್ನಾಗಿ ಗೊತ್ತಿತ್ತು. ಮೂರು ವಾರಕ್ಕೊಮ್ಮೆ ತನ್ನ ಮಗಳಿಗೆ ಚುಚ್ಚುವ ಪೆನ್ಸಿಲಿನ್.

ಮಗಳು ತಹಾನಿಗೆ ಹನ್ನೊಂದು ವರ್ಷ; ಉಮ್ ತಹಾನಿ ಎಂದರೆ ತಹಾನಿಯ ತಾಯಿ. ಗಂಟಲುನೋವಿನಿಂದ ಶುರುವಾದ ಜ್ವರ ಕೀಲಿಗೆ ಇಳಿದು, ಅಲ್ಲಿಂದ ಹೃದಯದ ಕವಾಟಕ್ಕೆ ಹೋಗಿತ್ತು. ಆ ಜ್ವರ ಮರುಕಳಿಸಿದಷ್ಟೂ ಕವಾಟ ಹಾಳಾಗುತ್ತದೆ. ಬರದಂತೆ ತಡೆಯುವುದು ಆ ಸೂಜಿಯೊಂದೇ. ತಾಯಿ ಒಂದು ಸೂಜಿಯನ್ನೂ ತಪ್ಪಿಸಿರಲಿಲ್ಲ. ಆದರೂ ಹೋದ ವಾರ ಮಗಳಿಗೆ ಜ್ವರ ಬಂತು. ಈಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ಉಮ್ ತಹಾನಿ ಮಡಕೆಯ ಮುಂದೆಯೇ ಕುಳಿತು ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು.

*

ತಪಾಸಣಾಧಿಕಾರಿ ಡಾಕ್ಟರ್ ರಾವ್ಯಾ ಹತ್ತು ಗಂಟೆಗೆ ಬಂದಳು. ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತಯಾರಿಕೆಯ ಸಂಖ್ಯೆ ಬರೆದುಕೊಂಡಳು.

"ಕಳ್ಳ ಯಾರು ಅಂತ ಹೇಳಿ ಸಾಕು, ಡಾಕ್ಟ್ರಮ್ಮ. ಅವನ ಮೀಸೆ ಕಿತ್ತು ಕೈಗೆ ಕೊಡ್ತೀನಿ," ಎಂದಳು ಉಮ್ ತಹಾನಿ.

"ಕಳ್ಳ ಆಗಿದ್ರೆ ಮಾರ್ಕೊಳ್ತಿದ್ದ. ಇವನು ಜೋಡಿಸಿಟ್ಟಿದ್ದಾನೆ."

"ಯಾಕೆ?"

ರಾವ್ಯಾ ತಾನು ಬರೆದುಕೊಂಡ ಸಂಖ್ಯೆಗಳ ಮೇಲೆ ಬೆರಳಾಡಿಸಿದಳು. ಒಂದೇ ದಿನದ ಕಳವಾಗಿದ್ದರೆ ಸಂಖ್ಯೆಗಳು ಒಂದೇ ಇರಬೇಕಿತ್ತು. ಇಲ್ಲಿ ಮಡಕೆಯಿಂದ ಮಡಕೆಗೆ ಅವು ಬದಲಾಗುತ್ತಿದ್ದವು. ಊರಲ್ಲಿ ಈ ಕಾಯಿಲೆಯ ಮಕ್ಕಳು ಹನ್ನೆರಡು. ಮಡಕೆಗೆ ಹನ್ನೆರಡು ಸೀಸೆ. ಅಂದರೆ ಒಂದು ಮಡಕೆ ಒಂದು ಸರದಿ. ಹದಿನಾಲ್ಕು ಸರದಿ, ಸುಮಾರು ಹತ್ತು ತಿಂಗಳು.

*

ಆರೋಗ್ಯ ಕೇಂದ್ರದ ದಾದಿ ಅಫ್ಕಾರ್ ಸೂಜಿಗಳ ದಾಖಲೆ ಪುಸ್ತಕವನ್ನು ಆಗಲೇ ಮೇಜಿನ ಮೇಲೆ ತೆರೆದಿಟ್ಟಿದ್ದಳು. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಅವಳ ಕೈಯಲ್ಲಿ.

ಪುಸ್ತಕದ ಯಾವ ಪುಟದಲ್ಲೂ ಸೂಜಿಗೆ ಬಾರದ ಮಗುವಿನ ಒಂದು ಗೈರೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ, ಕೆಳಗೆ, ಹಸಿರು ಶಾಯಿಯಲ್ಲಿ ರಾವ್ಯಾಳದೇ ಸಹಿ. ಗೋಡೆಯ ಮೇಲೆ ಒಂದು ಪ್ರಶಸ್ತಿಪತ್ರ. ಒಂದೂ ಸೂಜಿ ತಪ್ಪದ ಕೇಂದ್ರವೆಂದು ಅದನ್ನು ಕೊಟ್ಟವಳೂ ರಾವ್ಯಾಳೇ.

"ಔಷಧಿ ಕೋಣೆಯ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಅಂಗಡಿ ಬುಶ್ರಾ ಹತ್ರ ಒಂದು. ಅವನ ಫ್ರಿಜ್ಜು ಕೆಟ್ಟಾಗ ಸಾಮಾನು ಇಲ್ಲೇ ಇಡ್ತಾನೆ."

"ಮಕ್ಕಳಿಗೆ ಚುಚ್ಚಿದ್ದು ಯಾರು?"

"ಇನ್ಯಾರು ಚುಚ್ತಾರೆ, ಡಾಕ್ಟ್ರಮ್ಮ?" ಅಫ್ಕಾರ್ ನಗಲು ನೋಡಿದಳು. "ಚಹಾ ಮಾಡ್ಲಾ?"

*

ಔಷಧಿ ಅಂಗಡಿಯ ಬುಶ್ರಾ ಸಿಟ್ಟಾಗಿದ್ದ.

"ಊರೆಲ್ಲ ನನ್ನನ್ನೇ ನೋಡ್ತಿದೆ. ಸೀಸೆಯಲ್ಲಿ ಸುಣ್ಣ ತುಂಬಿ ಅದಲುಬದಲು ಮಾಡಿದ್ನಂತೆ! ಆರು ತಿಂಗಳಿಂದ ಈ ಔಷಧಿ ಸರ್ಕಾರಿ ಕೇಂದ್ರ ಬಿಟ್ರೆ ಯಾವ ಅಂಗಡೀಲೂ ಸಿಕ್ತಿಲ್ಲ. ನನ್ನ ಕೈಗೆ ಸಿಕ್ಕಿದ್ರೆ ಮಡಕೇಲಿ ಇಡ್ತಿದ್ನಾ? ನನ್ನ ಹೆಂಡ್ತಿ ನನ್ನ ದಡ್ಡ ಅಂತಾಳೆ ನಿಜ, ಆದ್ರೆ ಅಷ್ಟು ದಡ್ಡ ಅಂತ ಅವಳೂ ಅನ್ನಲ್ಲ."

ಅವನ ತಲೆಯ ಮೇಲೆ ಒಂದು ಹಲಗೆ ತೂಗುತ್ತಿತ್ತು: ಇಲ್ಲಿ ಪೆನ್ಸಿಲಿನ್ ಚುಚ್ಚುವುದಿಲ್ಲ.

"ಇದನ್ನ ಯಾವಾಗ ಹಾಕಿದ್ದು?"

"ಯಾಸೀನ್ ಸತ್ತ ಮಾರನೇ ದಿನ. ಒಂಬತ್ತು ವರ್ಷದ ಹುಡುಗ, ಸೂಜಿ ತೆಗೆಯೋದ್ರೊಳಗೆ ಹೋಗ್ಬಿಟ್ಟ. ಆಮೇಲೆ ಈ ಸೀಮೇಲಿ ಯಾರೂ ಇದನ್ನ ಮುಟ್ಟಲ್ಲ. ಒಬ್ಬಳೇ ಗಟ್ಟಿಗಿತ್ತಿ ಅಂದ್ರೆ ಅಫ್ಕಾರಕ್ಕ. ಅವನು ಸತ್ತಿದ್ದು ಅವಳ ಕೈಯಲ್ಲೇ, ಆದ್ರೂ ಬಿಡಲಿಲ್ಲ ನೋಡಿ."

"ಎಷ್ಟು ತಿಂಗಳಾಯ್ತು?"

"ಹತ್ತು."

ರಾವ್ಯಾ ಟಿಪ್ಪಣಿ ಪುಸ್ತಕ ಮುಚ್ಚಿದಳು. ಆ ಸಾವಿನ ತಾರೀಖು ಅವಳಿಗೆ ಬಾಯಿಪಾಠವಿತ್ತು. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳುವವರೆಗೆ ಅವಳು ಸಾವಿನ ಲೆಕ್ಕವನ್ನೂ ಮಡಕೆಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟಿರಲಿಲ್ಲ. ಇಡಲು ಮನಸ್ಸಿರಲಿಲ್ಲ.

*

ತಹಾನಿ ದಿಂಬಿಗೆ ಒರಗಿ ಕುಳಿತಿದ್ದಳು. ರಾವ್ಯಾ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಹಿಂದೆ ಪಿಸುಗುಟ್ಟುತ್ತಿದ್ದ ಕವಾಟ ಈಗ ಒರಟಾಗಿ ಊದುತ್ತಿತ್ತು.

"ಸೂಜಿ ಅಂದ್ರೆ ಭಯಾನಾ, ಮಗಳೇ?"

"ಮೊದಲು ಇತ್ತು. ಎರಡು ದಿನ ಕುಂಟುತ್ತಿದ್ದೆ. ನಮ್ಮಣ್ಣ ಬಾತುಕೋಳಿ ಅಂತ ಅಣಕಿಸ್ತಿದ್ದ. ಈಗ ಏನೂ ಇಲ್ಲ. ಅಫ್ಕಾರತ್ತೆ ಕೈ ತುಂಬಾ ಮೆತ್ತಗೆ ಆಗಿದೆ."

"ಸೂಜಿ ಸಣ್ಣದಾ?"

"ಹೂಂ, ಕೂದಲಿನ ಹಾಗೆ."

"ಒಳಗೆ ಇದ್ದ ಔಷಧಿ ಯಾವ ಬಣ್ಣ?"

ಹುಡುಗಿ ಯೋಚಿಸಿದಳು. "ಬಣ್ಣ ಇಲ್ಲ. ನೀರಿನ ಹಾಗೆ."

ರಾವ್ಯಾ ಸ್ಟೆತಸ್ಕೋಪನ್ನು ಮಡಿಸಿ ಚೀಲಕ್ಕೆ ಹಾಕಿದಳು.

*

"ಈ ಔಷಧಿ ಹಾಲಿನಷ್ಟು ಬಿಳಿ," ಎಂದಳು ರಾವ್ಯಾ. ಕೇಂದ್ರದ ಬಾಗಿಲು ಹಾಕಿತ್ತು. ಒಳಗೆ ಅವರಿಬ್ಬರೇ. "ಮಂದ. ದಪ್ಪ ಸೂಜಿ ಇಲ್ಲದಿದ್ರೆ ಕಟ್ಕೊಳ್ಳುತ್ತೆ. ಎಷ್ಟು ಮೆತ್ತಗಿನ ಕೈ ಆದ್ರೂ ನೋಯ್ಲೇಬೇಕು. ತಹಾನಿಗೆ ಈಗ ಸೂಜಿ ನೋಯೋದೇ ಇಲ್ವಂತೆ, ಔಷಧಿ ನೀರಿನ ಹಾಗಿತ್ತಂತೆ. ಬೀಗ ಒಡೆದಿಲ್ಲ, ಪುಸ್ತಕದಲ್ಲಿ ತಪ್ಪಿಲ್ಲ, ಒಂದು ಸೀಸೇನೂ ಹೊರಗೆ ಮಾರಾಟ ಆಗಿಲ್ಲ. ಸರದಿ ಮುಗಿದ ದಿನಾನೇ ಒಂದು ಮಡಕೆ ತುಂಬ್ತಿತ್ತು. ಬುಶ್ರಾಗೆ ಕೀಲಿ ಇದೆ, ಆದ್ರೆ ಚುಚ್ಚುತ್ತಿದ್ದವನು ಅವನಲ್ಲ."

ಅಫ್ಕಾರ್ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

"ಉಪ್ಪುನೀರು," ಎಂದಳು. "ಬರೀ ಉಪ್ಪುನೀರು. ಯಾಸೀನ್ ಆದ್ಮೇಲೆ ಆ ಬಿಳಿ ನೋಡಿದ್ರೆ ಕೈ ನಡುಗೋದು. ಒಂದೇ ಸರದಿ ಅಂದ್ಕೊಂಡೆ. ಮುಂದಿನ ಸಲ ಸರಿಹೋಗುತ್ತೆ ಅಂದ್ಕೊಂಡೆ."

"ನನಗೆ ಹೇಳಬಹುದಿತ್ತು."

"ನಿಮಗೆ?" ಅಫ್ಕಾರ್ ಮೊದಲ ಬಾರಿ ತಲೆಯೆತ್ತಿದಳು. "ಔಷಧಿ ಒಗ್ಗುತ್ತಾ ಅಂತ ನೋಡೋ ಚರ್ಮದ ಪರೀಕ್ಷೆ ಸರಿಯಾಗಿ ಮಾಡದೆ ಹುಡುಗನನ್ನ ಕೊಂದೆ ಅಂತ ನೀವೇ ಪತ್ರ ಬರೆದ್ರಿ. ಮಾಡಿದ್ದೆ, ಡಾಕ್ಟ್ರಮ್ಮ. ಅರ್ಧ ಗಂಟೆ ಕಾದಿದ್ದೆ. ಯಾರು ಕೇಳಿದ್ರು? ಆಮೇಲೆ ಇನ್ನೊಂದು ಪತ್ರ, ಒಂದು ಗೈರು ಕಂಡ್ರೂ ಕೆಲಸ ಹೋಗುತ್ತೆ ಅಂತ. ಗೈರು ತೋರಿಸ್ಲಿಲ್ಲ. ಔಷಧಿ ಎಸೆಯೋಕೂ ಮನಸ್ಸು ಬರ್ಲಿಲ್ಲ. ತಹಾನಿಗೆ ಜ್ವರ ಬಂದ ದಿನದಿಂದ ಊಟ ಇಳಿದಿಲ್ಲ. ಬರೆದ್ಕೊಳ್ಳಿ, ಸಹಿ ಹಾಕ್ತೀನಿ. ತಪ್ಪು ನಂದೇ."

ರಾವ್ಯಾ ಪೆನ್ನು ತೆಗೆದಳು. ಮತ್ತೆ ಜೇಬಿಗೆ ಹಾಕಿದಳು.

"ಯಾಸೀನ್ ಔಷಧಿಯಿಂದ ಸಾಯಲಿಲ್ಲ," ಎಂದಳು.

ಅಫ್ಕಾರ್ ಅರ್ಥವಾಗದವಳಂತೆ ನೋಡಿದಳು.

"ಶವಪರೀಕ್ಷೆಯ ವರದಿ ಮೂರು ವಾರಕ್ಕೆ ಬಂತು. ಅವನ ಕವಾಟ ದಾರ ಹೋಗುವಷ್ಟೂ ತೆರೆದಿರಲಿಲ್ಲ. ಆ ಹೃದಯ ಯಾವ ನೋವಿಗಾದ್ರೂ, ಯಾವ ಹೆದರಿಕೆಗಾದ್ರೂ ನಿಲ್ತಿತ್ತು. ಔಷಧಿ ಒಗ್ಗದೇ ಇದ್ದ ಗುರುತು ಒಂದೂ ಇರಲಿಲ್ಲ. ನಿನ್ನ ತಪ್ಪೂ ಇರಲಿಲ್ಲ."

"ಯಾವಾಗ... ಯಾವಾಗ ಗೊತ್ತಾಯ್ತು ನಿಮಗೆ?"

"ಅದೇ ದಿನ. ಅಷ್ಟರಲ್ಲಿ ನನ್ನ ಪತ್ರ ನಿನ್ನ ಕಡತಕ್ಕೆ ಸೇರಿತ್ತು. ಅದನ್ನ ವಾಪಸ್ ತಗೋಬೇಕಾದ್ರೆ, ವಿಚಾರಿಸದೆ ಬರೆದೆ ಅಂತ ಮೇಲಿನವರಿಗೆ ಹೇಳ್ಬೇಕಿತ್ತು. ವರದಿ ನನ್ನ ಮೇಜಿನ ಡ್ರಾಯರಿನಲ್ಲಿದೆ."

ಅಫ್ಕಾರ್ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ರಾವ್ಯಾಗೆ ಹಗುರವಾಗುತ್ತಿತ್ತು.

*

ಉಮ್ ತಹಾನಿ ತನ್ನ ಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬಂದ ಇಬ್ಬರನ್ನೂ ಒಳಗೆ ಕರೆಯಲಿಲ್ಲ. ಮೊದಲು ಅಫ್ಕಾರ್ ಹೇಳಿದಳು, ಆಮೇಲೆ ರಾವ್ಯಾ.

"ನನ್ನ ಮಗಳ ಎದೆ ಮೊದಲಿನ ಹಾಗೆ ಆಗುತ್ತಾ?"

"ಇಲ್ಲ," ಎಂದಳು ರಾವ್ಯಾ. "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇನ್ನಷ್ಟು ಕೆಡದ ಹಾಗೆ ತಡೀಬಹುದು. ಉಳಿದ ಹನ್ನೊಂದು ಮಕ್ಕಳಿಗೂ ಇವತ್ತೇ ಶುರು ಮಾಡ್ಬೇಕು. ಎಲ್ಲರ ಎದೆ ಪರೀಕ್ಷೆ ಮಾಡಿ, ನಾನೇ ಚುಚ್ತೀನಿ. ಹೊಸ ಔಷಧಿ ಗಾಡೀಲಿದೆ."

"ಆ ಮನೆಯವರಿಗೆ ಏನಂತ ಹೇಳ್ತೀರಿ? ಔಷಧಿ ಕೆಟ್ಟಿತ್ತು ಅಂತಾನಾ?"

ದಾರಿಯುದ್ದಕ್ಕೂ ರಾವ್ಯಾ ಯೋಚಿಸಿದ್ದ ವಾಕ್ಯ ಅದೇ.

"ಇವಳನ್ನ ಮಗಳ ಹತ್ರ ಕೂರಿಸಿ," ಎಂದಳು ಉಮ್ ತಹಾನಿ, ಅಫ್ಕಾರಳತ್ತ ನೋಡದೆ. "ಆ ಉಸಿರಾಟ ಕೇಳಿಸ್ಕೊಳ್ಳಲಿ, ಆಸ್ಪತ್ರೆ ಗಾಡಿ ಬರೋವರೆಗೆ. ನೀವು ನಡೀರಿ. ಮೊದಲ ಮಗು ಪಕ್ಕದ ಮನೇದೇ, ಅಲ್ಲೀತನಕ ನಾನೂ ಬರ್ತೀನಿ."

ಪಕ್ಕದ ಮನೆಯವಳು ಬಾಗಿಲು ತೆಗೆದವಳೇ ಮುಖ ಅರಳಿಸಿದಳು. "ಅಯ್ಯೋ, ಡಾಕ್ಟ್ರಮ್ಮ! ಕಳ್ಳ ಸಿಕ್ಕಿದ್ನಾ? ಬನ್ನಿ ಬನ್ನಿ, ಬಿಸಿಲಿಗೆ ಉಬ್ಬೋಕೆ ಇಟ್ಟ ರೊಟ್ಟಿ ಹಿಟ್ಟನ್ನ ಈಗಷ್ಟೇ ಒಳಗಿಟ್ಟೆ, ಚಹಾಕ್ಕೆ ಇಡ್ತೀನಿ."

ರಾವ್ಯಾ ಹೊಸ್ತಿಲ ಹೊರಗೇ ನಿಂತಳು. ಬೆನ್ನ ಹಿಂದೆ ಉಮ್ ತಹಾನಿ ಕೈಕಟ್ಟಿ ಕಾಯುತ್ತಿದ್ದಳು.

"ಸಿಕ್ಕಿದ್ದಾರಮ್ಮ," ಎಂದಳು. "ಇಬ್ಬರು. ಮೊದಲನೆಯವಳು ನಾನು."