ಎಡಗೈಗೆ ಮೊಲದ ಚೀಲ

"ಬಿಚ್ಚಮ್ಮಾ! ಈಗಲೇ ಬಿಚ್ಚು!"

ಶಾಲೆಯ ಬ್ಯಾಗು ಇನ್ನೂ ಬೆನ್ನ ಮೇಲೇ ಇತ್ತು. ಒಂದು ಶೂ ಬಾಗಿಲಲ್ಲಿ, ಇನ್ನೊಂದು ಕಾಲಲ್ಲಿ. ಹಾಗೇ ನಿಂತು ಪಟಾಕಿ ಕಿರುಚುತ್ತಿದ್ದಳು.

ಅವಳಿಗೊಂದು ಒಳ್ಳೆಯ ಹೆಸರಿತ್ತು, ನಿಜ. ಆದರೆ ಅದು ಹಾಜರಿ ಕೂಗುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿದ್ದುದರಿಂದ ಮನೆಯವರಿಗೆಲ್ಲ ಅವಳು ಪಟಾಕಿ. ಕೆನ್ನೆ ಎರಡೂ ದುಂಡಗಿದ್ದುದರಿಂದ ಅವಳ ನಾಲ್ಕು ವರ್ಷದ ತಮ್ಮ ಉಂಡೆ.

ಆ ಉಂಡೆ ಈಗ ಚಾಪೆಯ ಮೇಲೆ ಕೂತು ಗೋಳೋ ಎಂದು ಅಳುತ್ತಿದ್ದ. ಅವನ ಎಡಗೈಗೆ ಬಟ್ಟೆಯ ಪುಟ್ಟ ಚೀಲವೊಂದನ್ನು ತೊಡಿಸಿ, ಮಣಿಕಟ್ಟಿನ ಹತ್ತಿರ ಲಾಡಿ ಕಟ್ಟಿತ್ತು. ಚೀಲಕ್ಕೆ ಎರಡು ಉದ್ದ ಕಿವಿ, ಎರಡು ಕಣ್ಣು, ಒಂದು ಗುಲಾಬಿ ಮೂಗು. ಮೊಲ!

"ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಅವನಿಗೆ ಸರಿಯಾಗಿರೋದೇ ಒಂದು ಕೈ. ಅದಕ್ಕೇ ಚೀಲ ಹಾಕಿದ್ದೀಯಲ್ಲ!"

ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರ್ ಅಂಗಡಿ. ಅಲ್ಲಿಂದಲೇ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದಳು. "ಥೆರಪಿ ಆಂಟಿ ಹೇಳಿದಾರೆ. ಆಟ ಆಡೋವಾಗ ಸ್ವಲ್ಪ ಹೊತ್ತು ಅಷ್ಟೇ. ಎಡಗೈ ಸುಮ್ನೆ ಕೂತ್ರೆ, ಬಲಗೈ ಕೆಲಸ ಕಲಿಯುತ್ತಂತೆ."

"ಬಲಗೈಗೆ ಆಗಲ್ಲ ಅಂತ ಬೀದಿಗೆಲ್ಲ ಗೊತ್ತು. ನಿನ್ನ ಥೆರಪಿ ಆಂಟಿಗೆ ಮಾತ್ರ ಗೊತ್ತಿಲ್ವಾ?"

ಉಂಡೆ ಹುಟ್ಟುವ ಹೊತ್ತಿಗೇ ಅವನ ಮಿದುಳಿನ ಒಂದು ಸಣ್ಣ ಜಾಗಕ್ಕೆ ಪೆಟ್ಟಾಗಿತ್ತು. ಡಾಕ್ಟರು ಅದಕ್ಕೆ ಸೆರೆಬ್ರಲ್ ಪಾಲ್ಸಿ ಎಂದಿದ್ದರು. ಅಲ್ಲಿಂದ ಬಲಗೈಗೂ ಬಲಗಾಲಿಗೂ ಹೋಗಬೇಕಾದ ಸುದ್ದಿ ದಾರಿಯಲ್ಲೇ ಸಿಕ್ಕು ಹಾಕಿಕೊಳ್ಳುತ್ತಿತ್ತು. ಅದಕ್ಕೇ ಅವನು ಬಲಗಾಲಿನ ತುದಿಬೆರಳ ಮೇಲೆ ನಡೆಯುತ್ತಿದ್ದ. ಬಲಗೈ ಮೊಗ್ಗಿನ ಹಾಗೆ ಮುಚ್ಚಿಕೊಂಡು ಎದೆಗೆ ಆನಿಕೊಂಡಿರುತ್ತಿತ್ತು. ಪಕ್ಕದ ಮನೆಯ ಹುಡುಗಿ ಒಮ್ಮೆ, "ಅದು ಅಂಟುರೋಗಾನಾ?" ಎಂದು ಕೇಳಿದ್ದಳು. ಪಟಾಕಿ ಅವಳ ಸೈಕಲ್ಲಿನ ಗಾಳಿ ಬಿಟ್ಟು ಬಂದಿದ್ದಳು. "ಅಂಟೋದಾಗಿದ್ರೆ ಮೊದಲು ನಂಗೇ ಅಂಟ್ತಿತ್ತು, ಕತ್ತೆ!"

ಉಂಡೆಗೆ ಏನು ಕೊಟ್ಟರೂ ಎಡಗಡೆಯಿಂದಲೇ ಕೊಡಬೇಕು. ಹಾಲಿನ ಲೋಟ ಎಡಕ್ಕೆ, ಚಮಚ ಎಡಕ್ಕೆ, ಆಟದ ಕಾರು ಎಡಕ್ಕೆ. ಗಾಳಿ ಬಡಿದ ಮರದ ಹಾಗೆ ಇಡೀ ಮನೆಯೇ ಎಡಕ್ಕೆ ವಾಲಿಬಿಟ್ಟಿತ್ತು. ಎರಡು ಕೈ ಬೇಕಾದ ಕೆಲಸವಾದರೆ, ಆ ಎರಡನೆಯ ಕೈ ಪಟಾಕಿಯದು. ಡಬ್ಬಿ ಅವನು ಹಿಡಿದರೆ ಮುಚ್ಚಳ ಅವಳು ತೆಗೆಯಬೇಕು. ಕಾಗದ ಅವಳು ಒತ್ತಿ ಹಿಡಿದರೆ ಬಣ್ಣ ಅವನು ಬಳಿಯಬೇಕು. ಅವನು "ಅಕ್ಕಾ" ಎನ್ನುವ ಮೊದಲೇ ಅವಳ ಕೈ ಅಲ್ಲಿರುತ್ತಿತ್ತು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬ.

ಈಗ ನಡುವೆ ಈ ಮೊಲ ಬಂದು ಕೂತಿತ್ತು.

ಅಮ್ಮ ಒಂದು ತಟ್ಟೆಯಲ್ಲಿ ಕೋಟಿನ ದೊಡ್ಡ ದೊಡ್ಡ ಗುಂಡಿಗಳನ್ನು ಹರಡಿ, ಪಕ್ಕದಲ್ಲಿ ಖಾಲಿ ಡಬ್ಬಿ ಇಟ್ಟಳು. "ಬಲಗೈಯಲ್ಲಿ ಒಂದೊಂದೇ ಎತ್ತಿ ಡಬ್ಬಿಗೆ ಹಾಕ್ಬೇಕು, ಕಂದಾ. ಪಟಾಕಿ, ಅಂಗಡಿಗೆ ಯಾರೋ ಬಂದ್ರು. ನೀನು ಇವನ ಜೊತೆ ಕೂತ್ಕೋ. ಮಾಡಿಸು, ನೀನೇ ಮಾಡ್ಬೇಡ."

ಅಮ್ಮ ಆಚೆ ಹೋದಳು. ಉಂಡೆ ಗುಂಡಿಗಳನ್ನು ನೋಡಿದ. ಬಲಮುಷ್ಟಿಯನ್ನು ತಟ್ಟೆಗೆ ಉಜ್ಜಿದ. ಗುಂಡಿಗಳು ಜಾರಿದವು, ಬೆರಳು ಬಿಚ್ಚಲಿಲ್ಲ. ಕೆಳತುಟಿ ನಡುಗತೊಡಗಿತು.

"ಅಕ್ಕಾ, ಹಾಕು."

ಅವಳ ಸಿಟ್ಟು ಭುಗಿಲ್ ಎಂದಿತು. ಅಮ್ಮನ ಮೇಲೆ, ಥೆರಪಿ ಆಂಟಿಯ ಮೇಲೆ, ನಗುತ್ತಾ ಕೂತ ಮೊಲದ ಮೇಲೆ. ಲಾಡಿ ಎಳೆದು ಬಿಚ್ಚಿದಳು. ಗುಂಡಿಗಳನ್ನೆಲ್ಲ ಬಾಚಿ ತಾನೇ ಡಬ್ಬಿಗೆ ಸುರಿದಳು. ಅಮ್ಮನ ಹೆಜ್ಜೆ ಸದ್ದು ಕೇಳಿದಾಗ ಮೊಲ ಮತ್ತೆ ತನ್ನ ಜಾಗದಲ್ಲಿತ್ತು.

"ಎಲ್ಲಾ ಹಾಕಿದ," ಎಂದಳು ಪಟಾಕಿ.

"ನಿಜವಾಗ್ಲೂ?" ಅಮ್ಮನ ಮುಖ ದೀಪ ಹಚ್ಚಿದ ಹಾಗಾಯಿತು. ಉಂಡೆಯ ಬಲಗೈಗೆ ಮುತ್ತು ಕೊಟ್ಟಳು. ಪಟಾಕಿ ಕಿಟಕಿಯ ಕಡೆ ನೋಡಿದಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಉಂಡೆಗೆ ಇದೊಂದು ಒಳ್ಳೆಯ ಆಟವೇ ಆಗಿಬಿಟ್ಟಿತು.

ವಾರ ಕಳೆದು ಮೂವರೂ ಥೆರಪಿ ಕೋಣೆಗೆ ಹೋದರು. ಅಲ್ಲಿ ಗೋಡೆಯಷ್ಟು ದೊಡ್ಡ ಕನ್ನಡಿ, ಮಕ್ಕಳಿಗಿಂತ ಎತ್ತರದ ರಬ್ಬರ್ ಚೆಂಡು, ಎಲ್ಲಿಗೂ ಹೋಗದ ನಾಲ್ಕು ಪುಟ್ಟ ಮೆಟ್ಟಿಲುಗಳಿದ್ದವು. ಬೇರೆ ದಿನವಾಗಿದ್ದರೆ ಪಟಾಕಿ ಆ ಮೆಟ್ಟಿಲುಗಳ ತುದಿಯಲ್ಲೊಂದು ಅರಮನೆ ಕಟ್ಟುತ್ತಿದ್ದಳು. ಇವತ್ತು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಳು.

"ಗುಂಡಿ ಎಲ್ಲಾ ಡಬ್ಬಿಗೆ ಹಾಕ್ತಾನಂತೆ! ಎಲ್ಲಿ, ನಂಗೂ ತೋರ್ಸಪ್ಪ ರಾಜ," ಎಂದರು ಥೆರಪಿ ಆಂಟಿ. ಚಿಕ್ಕ ಕೂದಲು, ದೊಡ್ಡ ನಗು. ಆ ನಗುವೂ ಪಟಾಕಿಗೆ ಹಿಡಿಸಲಿಲ್ಲ.

ಉಂಡೆ ತಟ್ಟೆ ನೋಡಿದ. ಡಬ್ಬಿ ನೋಡಿದ. ಆಮೇಲೆ ಚೀಲ ತೊಟ್ಟ ಎಡಗೈಯನ್ನು ಸೀದಾ ಪಟಾಕಿಯ ಕಡೆ ಚಾಚಿ, ಬಾಯಿ ತುಂಬ ನಕ್ಕ.

"ಅಕ್ಕಾ, ಬಿಚ್ಚು! ಅಕ್ಕಾ, ಹಾಕು!"

ಕನ್ನಡಿಯಲ್ಲಿ ಅಮ್ಮ ಪಟಾಕಿಯನ್ನೇ ನೋಡುತ್ತಿದ್ದಳು. ಅವಳ ಮುಖದ ದೀಪ ಆರಿಹೋಗಿತ್ತು.

"ನನ್ನ ಮೇಲೆ ಸಿಟ್ಟಾ ನಿಂಗೆ?" ಥೆರಪಿ ಆಂಟಿ ಬಂದು ಅವಳೆದುರು ಕೂತರು.

"ಹೂಂ! ನೀವು ಅವನನ್ನ ಅಳಿಸ್ತೀರ. ಅವನಿಗೆ ನೋವಾಗುತ್ತೆ."

"ನೋವಾದ್ರೆ ತಕ್ಷಣ ನಿಲ್ಲಿಸ್ತೀವಮ್ಮಾ. ನೋವಿನ ಅಳು ಬೇರೆ. ಇದು ಸಿಟ್ಟಿನ ಅಳು. ನಿಂಗೆ ಅದರ ಪರಿಚಯ ಇರಬೇಕಲ್ಲ?"

ಪಟಾಕಿ ಮೂಗು ಉಜ್ಜಿಕೊಂಡಳು. ಆಮೇಲೆ ಕೇಳಿದಳು. "ಚೀಲ ಹಾಕಿದ್ರೆ ಅವನ ಕೈ ನನ್ನ ಕೈ ಥರ ಆಗುತ್ತಾ?"

"ಇಲ್ಲ," ಎಂದರು ಆಂಟಿ. "ಸುಳ್ಳು ಹೇಳಲ್ಲ. ಮಿದುಳಿಗೆ ಬಿದ್ದ ಪೆಟ್ಟು ಹೋಗಲ್ಲ. ಆದ್ರೆ ಚಿಕ್ಕ ಮಕ್ಕಳ ಮಿದುಳು ಬೇರೆ ದಾರಿ ಹುಡುಕ್ಕೊಳ್ಳುತ್ತೆ. ಹುಡುಕೋಕೆ ಕೆಲಸ ಕೊಡ್ಬೇಕು. ಕೆಲಸಾನೇ ಇಲ್ದಿದ್ರೆ, ಅವನ ಬಲಗೈ ತಾನಿದ್ದೀನಿ ಅನ್ನೋದನ್ನೇ ಮರೆತುಬಿಡುತ್ತೆ. ಬಿಗಿದು ಇನ್ನೂ ಗಟ್ಟಿಯಾಗುತ್ತೆ."

"ಆಗ್ಲಿ. ನಾನಿದ್ದೀನಿ."

"ನೀನು ಸ್ಕೂಲಿಗೆ ಹೋದಾಗ?"

"ನಾನು ಸ್ಕೂಲಿಗೆ ಹೋಗಲ್ಲ!"

ಹಾಗೆಂದ ಮೇಲೆ ಅದು ಎಂಥ ಪೆದ್ದು ಮಾತೆಂದು ಅವಳಿಗೇ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬಸ್ಸಿನಲ್ಲಿ ಅಮ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮನೆಯ ಬಾಗಿಲು ಹಾಕಿದ ಮೇಲೆ ಆ ಬೀಗ ಒಡೆಯಿತು.

"ದಿನಾ ಖುಷಿಪಟ್ನಲ್ಲೇ! ಕೆಲಸಕ್ಕೆ ಹೋದ ಅಪ್ಪನಿಗೂ ಫೋನ್ ಮಾಡಿ ಹೇಳ್ದೆ, ನಿನ್ನ ಮಗ ಗುಂಡಿ ಎತ್ತಿದ ಅಂತ. ಹೀಗಾ ಮಾಡೋದು?"

"ನೀನು ಅವನ ಕೈ ಕಟ್ಟಿಹಾಕಿದ್ದು ಸರೀನಾ?"

"ನಂಗೇನು ಇಷ್ಟಾನಾ ಅದು?" ಅಮ್ಮ ಮೊಲವನ್ನು ಅವಳ ಮುಂದೆ ಹಿಡಿದಳು. "ಅದಕ್ಕೆ ಮೊಲದ ಮುಖ ಯಾಕೆ ಹೊಲಿದೆ ಅಂದ್ಕೊಂಡಿದ್ದೀಯ? ಬರೀ ಚೀಲ ತೊಡಿಸೋಕೆ ನನ್ನ ಕೈಲಿ ಆಗ್ಲಿಲ್ಲ ಕಣೇ. ನಿಂಗೊಬ್ಬಳಿಗೇ ಸಿಟ್ಟು ಬರೋದಾ ಈ ಮನೇಲಿ?"

ಪಟಾಕಿ ಮೊಲವನ್ನು ನೋಡಿದಳು. ಅದರ ಒಂದು ಕಿವಿ ಚಿಕ್ಕದು, ಇನ್ನೊಂದು ದೊಡ್ಡದು. ಹೊಲಿಗೆ ಸೊಟ್ಟಗಿತ್ತು. ಅಮ್ಮನ ಹೊಲಿಗೆ ಎಂದೂ ಸೊಟ್ಟಗಿರುತ್ತಿರಲಿಲ್ಲ.

ಮರುದಿನ ಸಂಜೆ ಮತ್ತೆ ತಟ್ಟೆ, ಮತ್ತೆ ಡಬ್ಬಿ. ಅಮ್ಮ ಮೊಲವನ್ನು ತೊಡಿಸಿ ಪಕ್ಕದಲ್ಲೇ ಬಟ್ಟೆ ಕತ್ತರಿಸುತ್ತಾ ಕೂತಳು. ಪಟಾಕಿ ಎದುರಿಗೆ ಕೂತಳು.

"ಅಕ್ಕಾ, ಬಿಚ್ಚು."

"ಬಿಚ್ಚಲ್ಲ."

"ಅಕ್ಕಾ, ಹಾಕು."

"ಹಾಕಲ್ಲ. ನೀನೇ ಹಾಕು."

ಉಂಡೆ ನಂಬಲಿಲ್ಲ. ಅಕ್ಕ ತಮಾಷೆ ಮಾಡುತ್ತಿರಬೇಕು. ಕುತ್ತಿಗೆ ಓರೆ ಮಾಡಿ, ಚೆಂದದ ನಗು ನಕ್ಕ. ಆ ನಗುವಿಗೆ ಪಟಾಕಿಯ ಕೈಗಳು ತಾವಾಗಿಯೇ ಮುಂದೆ ಹೋದವು. ಅವಳು ಥಟ್ಟನೆ ಎರಡನ್ನೂ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೇ ಕೂತುಬಿಟ್ಟಳು.

ಆಗ ಉಂಡೆಗೆ ಅರ್ಥವಾಯಿತು. ಅವನ ಮುಖ ಕೆಂಪಾಯಿತು. ಕಾಲಲ್ಲಿ ಡಬ್ಬಿ ಒದ್ದ. ತಟ್ಟೆ ಬೋರಲಾಗಿ ಗುಂಡಿಗಳು ಕೋಣೆಯ ತುಂಬ ಉರುಳಿದವು. "ಕೆಟ್ಟ ಅಕ್ಕ! ಕೆಟ್ಟ ಅಕ್ಕ!" ಎಂದು ಚೀರಿದ. ಒಂದು ಹಸಿರು ಗುಂಡಿ ಅವಳ ಮಂಡಿಗೆ ತಾಗಿ ನಿಂತಿತು. ಅದನ್ನೊಂದು ಎತ್ತಿ ಕೊಟ್ಟರೆ ಅಳು ನಿಲ್ಲುತ್ತಿತ್ತೇನೋ. ಅವಳ ಕಣ್ಣಲ್ಲೂ ನೀರು ತುಂಬಿತು. ಆದರೂ ಕೈ ತೆಗೆಯಲಿಲ್ಲ. ಕೈಗಳು ಜೋಮು ಹಿಡಿಯುತ್ತಿದ್ದವು.

ಉಂಡೆ ತೆವಳಿಕೊಂಡು ಬಂದ. ಮೊಲದಿಂದ ಅವಳ ಭುಜಕ್ಕೆ ಗುದ್ದಿದ. ಮೊಲ ಮೆತ್ತಗಿತ್ತು, ಅಕ್ಕನಿಗೆ ಏನೂ ಆಗಲಿಲ್ಲ. ಅದರಿಂದ ಅವನ ಸಿಟ್ಟು ನೆತ್ತಿಗೇರಿತು. ಎದೆಗೆ ಆನಿಕೊಂಡಿದ್ದ ಆ ಇನ್ನೊಂದು ಕೈ ನಡುಗುತ್ತಾ ನಡುಗುತ್ತಾ ಮೇಲೆದ್ದಿತು. ಮೊಗ್ಗು ಸ್ವಲ್ಪವೇ ಬಿರಿಯಿತು. ಭುಜದಿಂದ ಮುಂದಕ್ಕೆ ಇಳಿಬಿದ್ದಿದ್ದ ಅಕ್ಕನ ಜಡೆಗೆ ಬಡಿಯಿತು. ಮುಚ್ಚಿತು.

"ಅಯ್ಯೋ! ಅಮ್ಮಾ, ಇವನು ಜಡೆ ಎಳೀತಿದ್ದಾನೆ!"

ಅಮ್ಮನ ಕೈಯಿಂದ ಕತ್ತರಿ ಜಾರಿತು. "ಬಿಡೋ ಉಂಡೆ! ಯಾವ ಕೈ..." ಎನ್ನುತ್ತಾ ಬಂದವಳು ಅಲ್ಲೇ ನಿಂತಳು.

ಉಂಡೆಯೂ ಅಳು ನಿಲ್ಲಿಸಿ ತನ್ನ ಕೈಯನ್ನು ನೋಡುತ್ತಿದ್ದ. ಯಾರದೋ ಕೈಯನ್ನು ನೋಡುವ ಹಾಗೆ. ಆಮೇಲೆ ಇನ್ನೊಮ್ಮೆ ಎಳೆದ. ಈ ಸಲ ಬೇಕೆಂದೇ.

"ಆ ಕೈಗೆ ಹಿಡಿಯೋದಕ್ಕಿಂತ ಬಿಡೋದೇ ಕಷ್ಟ. ತಡಿ, ನಾನು ಬಿಡಿಸ್ತೀನಿ," ಎಂದು ಅಮ್ಮ ಬಗ್ಗಿದಳು.

ಪಟಾಕಿಯ ತಲೆ ಓರೆಯಾಗಿತ್ತು. ನೆತ್ತಿ ಚುರುಗುಟ್ಟುತ್ತಿತ್ತು.

"ಬಿಡಿಸ್ಬೇಡಮ್ಮಾ," ಎಂದಳು. "ಅವನೇ ಬಿಡ್ಲಿ."

ಅಮ್ಮನೂ ಪಕ್ಕದಲ್ಲಿ ಕೂತಳು. ಹೊರಗೆ ಯಾರೋ ಅಂಗಡಿಯ ಬಾಗಿಲು ತಟ್ಟಿದರು. ಅಮ್ಮ ಏಳಲಿಲ್ಲ. ತೊಡೆಯ ಕೆಳಗೆ ಪಟಾಕಿಯ ಕೈಗಳು ಹಾಗೇ ಇದ್ದವು. ಓರೆ ತಲೆಯಿಂದ ಅವಳಿಗೆ ತಮ್ಮನ ಮುಖ ತೀರಾ ಹತ್ತಿರದಲ್ಲಿ ಕಾಣುತ್ತಿತ್ತು. ಕೆನ್ನೆ ಒದ್ದೆ, ಹುಬ್ಬು ಗಂಟು.

"ಸಿಟ್ಟು ಬಂತಾ?" ಎಂದು ಮೆಲ್ಲಗೆ ಕೇಳಿದಳು.

"ಬಂತು," ಎಂದ ಉಂಡೆ.

"ನಂಗೂ."

ಅವಳ ಜಡೆಯ ಮೇಲೆ ಹೆಬ್ಬೆರಳು ಸ್ವಲ್ಪ ಸಡಿಲವಾಯಿತು. ಪಟಾಕಿ ಉಸಿರು ಬಿಗಿಹಿಡಿದು, ಮುಂದಿನ ಬೆರಳಿಗಾಗಿ ಕಾದಳು.