ಮೂರು ದಿನದ ಹೋಲ್ಡ್

ಉದಯ ಮೊದಲ ಸಲ ಬಂದ ದಿನ ಯಶಸ್ವಿ ಅವನನ್ನು ಇಂಟರ್ನೆಟ್ ರಿಪೇರಿಯವನೆಂದು ತಿಳಿದಳು. ತಪ್ಪು ಪೂರ್ತಿ ಅವಳದ್ದೇನಲ್ಲ. ಪುತ್ತೂರು ದರ್ಬೆಯ ಆ ಮಹಡಿ ಮೇಲಿನ ಆಫೀಸಿನಲ್ಲಿ ಬೆಳಗ್ಗಿನಿಂದ ನೆಟ್ ಇರಲಿಲ್ಲ. ಐಸ್‌ಲ್ಯಾಂಡಿನ ಲಾಡ್ಜ್ ಒಂದಕ್ಕೆ ತುರ್ತಾಗಿ ಉತ್ತರ ಕೊಡಬೇಕಿತ್ತು. ಅಷ್ಟರಲ್ಲಿ ಹೆಗಲಿಗೆ ಉದ್ದನೆಯ ಕೊಳವೆಯೊಂದನ್ನು ನೇತುಹಾಕಿಕೊಂಡವನೊಬ್ಬ ಬಾಗಿಲಲ್ಲಿ ನಿಂತ. ಅವಳು ತಲೆ ಎತ್ತದೆ, ರೂಟರ್ ಆ ಮೂಲೆಯಲ್ಲಿ ಉಂಟು ಎಂದಳು.

ಅವನು ಹೋದ. ಮೊಣಕಾಲೂರಿ ಕುಳಿತು, ಸಡಿಲವಾಗಿದ್ದ ವಯರನ್ನು ಒತ್ತಿ ಕೂರಿಸಿದ. ಹಸಿರು ದೀಪ ಹತ್ತಿತು. ಆಮೇಲೆ ಎದ್ದು ಬಂದು, ಕೈಯ ಧೂಳು ಒರೆಸಿಕೊಂಡು, ಬಹಳ ವಿನಯದಿಂದ ಕೇಳಿದ.

"ಇನ್ನು ನನ್ನ ಕೆಲಸ ಹೇಳ್ಬಹುದಾ ಮೇಡಂ? ನನಗೆ ಮೀನು ಹಿಡೀಲಿಕ್ಕೆ ಹೋಗ್ಬೇಕಿತ್ತು. ದೂರ."

"ಎಷ್ಟು ದೂರ?"

"ಕಡಬದವರು ಯಾರೂ ನೋಡಿ ನಗದಷ್ಟು."

ಆಗ ಅವಳು ತಲೆ ಎತ್ತಿದಳು. ಅವನು ನಗುತ್ತಿರಲಿಲ್ಲ, ಆದರೆ ಅವನ ಕಣ್ಣಿನ ಅಂಚಿನಲ್ಲಿ ನಗು ಬಂದು ಕುಳಿತು ಅಪ್ಪಣೆಗೆ ಕಾಯುತ್ತಿತ್ತು. ಅಪ್ಪಣೆ ಕೊಟ್ಟವಳು ಅವಳೇ. ಮೊದಲು ನಕ್ಕುಬಿಟ್ಟಳು.

ಆ ಆಫೀಸು ರವೂಫ್‌ನದ್ದು. ಹನ್ನೆರಡು ವರ್ಷ ಮಾಲ್ಡೀವ್ಸಿನಲ್ಲಿ ಪ್ರವಾಸಿಗರ ದೋಣಿ ನಡೆಸಿ ಪುತ್ತೂರಿಗೆ ಮರಳಿದವನು. ಎರೆಹುಳು ಚುಚ್ಚದೆ, ಕೋಳಿಗರಿ ಮತ್ತು ನೂಲು ಸುತ್ತಿ ಮಾಡಿದ ಹುಳದಂಥ ಗಾಳವನ್ನು ನೀರಿನ ಮೇಲೆ ಇಳಿಸಿ, ಸಿಕ್ಕ ಮೀನನ್ನು ನೋಡಿ ಮತ್ತೆ ನೀರಿಗೇ ಬಿಡುವ ಜನ ಲೋಕದಲ್ಲಿದ್ದಾರೆ, ಅದಕ್ಕಾಗಿ ಅವರು ಭೂಮಿಯ ತುದಿಯವರೆಗೂ ಹೋಗುತ್ತಾರೆ ಎಂಬುದನ್ನು ಅವನು ಅಲ್ಲಿ ಕಂಡಿದ್ದ. ಅವರ ಪ್ರವಾಸಗಳನ್ನು ಇಲ್ಲಿಂದಲೇ ಹೊಂದಿಸಿ ಕೊಡುವುದು ಅವನ ವ್ಯಾಪಾರ. ಹೊಂದಿಸುವವಳು ಯಶಸ್ವಿ. ಯಾವ ನದಿಯಲ್ಲಿ ಯಾವ ತಿಂಗಳು ಮೀನು ಏರುತ್ತದೆ, ಯಾವ ದ್ವೀಪದಲ್ಲಿ ಯಾವ ಹುಣ್ಣಿಮೆಯ ಭರತಕ್ಕೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಆಲೆಟ್ಟಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಆ ಹುಡುಗಿ ಇನ್ನೂ ವಿಮಾನ ಹತ್ತಿರಲಿಲ್ಲ.

ಉದಯನಿಗೆ ಕಡಬದಲ್ಲಿ ರಬ್ಬರ್ ಮತ್ತು ರಂಬುಟಾನ್ ಸಸಿಗಳ ನರ್ಸರಿ. ಹೆಗಲ ಕೊಳವೆಯಲ್ಲಿದ್ದದ್ದು ಗಾಳದ ಕೋಲು, ಯೂಟ್ಯೂಬ್ ನೋಡಿ ಅದನ್ನು ಬೀಸಲು ಕಲಿತಿದ್ದ. ಕೊಯ್ಲಾದ ಗದ್ದೆಯ ನಡುವೆ ನಿಂತು, ದಾರದ ತುದಿಗೆ ಒಂದು ಚೂರು ಉಣ್ಣೆ ಕಟ್ಟಿ, ಸಂಜೆಯೆಲ್ಲ ಗಾಳಿಯಲ್ಲಿ ಬೀಸುತ್ತಿದ್ದವನನ್ನು ಊರವರು ಗದ್ದೆಯಲ್ಲಿ ಮೀನು ಹುಡುಕುವವನೆಂದು ಕರೆಯುತ್ತಿದ್ದರಂತೆ. ಇದನ್ನೆಲ್ಲ ಅವನೇ ಹೇಳಿದ, ತನ್ನದಲ್ಲ ಬೇರೆಯವರ ಕಥೆಯೆಂಬಂತೆ.

ಯಶಸ್ವಿ ಫಾರಂ ತೆಗೆದು ಒಂದೊಂದಾಗಿ ಕೇಳಿದಳು. ಯಾವ ಕೈಯಲ್ಲಿ ಬೀಸುವುದು, ಎಷ್ಟು ಅಡಿ ದೂರಕ್ಕೆ, ಹರಿಯುವ ನೀರಿನಲ್ಲಿ ನಡೆದು ಅಭ್ಯಾಸ ಉಂಟಾ.

"ಕಣ್ಣು ಸರಿ ಕಾಣ್ತದಾ? ಕನ್ನಡಕ ಏನಾದ್ರೂ?"

"ಹತ್ತಿರದ್ದು ಚೆನ್ನಾಗಿ ಕಾಣ್ತದೆ," ಎಂದು ಅವಳನ್ನೇ ನೋಡಿದ. ಮರುಕ್ಷಣ ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ಕಿಟಕಿಯ ಕಡೆ ತಿರುಗಿ, "ದೂರದ್ದೂ ಕಾಣ್ತದೆ, ಬರೀರಿ," ಎಂದ.

ಆ ಮೇಲೆ ಅವನು ಪ್ರತಿ ಶನಿವಾರ ಬಂದ.

ಮೊದಲ ಎರಡು ವಾರ ನಿಜವಾಗಿಯೂ ಪ್ರವಾಸದ್ದೇ ಮಾತು. ಮೂರನೆಯ ವಾರ ಅವಳು ಮಂಗೋಲಿಯಾದ ನದಿಯೊಂದನ್ನು ಎಲ್ಲ ಸರಿಮಾಡಿ ಮುಂದಿಟ್ಟಾಗ, ಅಲ್ಲಿ ಕುದುರೆ ಮೇಲೆ ಹೋಗಬೇಕಲ್ಲ, ತನಗೆ ಪಂಜಕ್ಕೆ ಹೋಗುವ ಜೀಪಿನಲ್ಲಿ ಕೂತರೇ ತಲೆ ತಿರುಗುತ್ತದೆ ಎಂದ. ನ್ಯೂಜಿಲೆಂಡ್ ತೋರಿಸಿದಳು. ಅಡಿಯಲ್ಲಿ ಉಣ್ಣೆಯ ಪದರವಿರುವ ಬೂಟು ಅಲ್ಲಿ ನಿಷೇಧ, ಅದರಲ್ಲಿ ಪಾಚಿ ಅಂಟಿ ಬರುತ್ತದೆ ಎಂದು ಅವಳು ಹೇಳಿದ್ದೇ ತಡ, ಛೆ, ತನಗೆ ಅಂಥದ್ದೇ ಬೂಟು ಬೇಕಿತ್ತು ಎಂದು ಕೈಚೆಲ್ಲಿದ. ಅವನ ಬಳಿ ಯಾವ ಬೂಟೂ ಇರಲಿಲ್ಲ. ಸೀಶೆಲ್ಸ್ ಬೇಡವಾದದ್ದಕ್ಕೆ ಕಾರಣ, ಅಲ್ಲಿ ಬಿಸಿಲು ಹೆಚ್ಚು. ಇದನ್ನು ಹೇಳಿದವನು ಕಡಬದ ಬಿಸಿಲಲ್ಲಿ ಬೆಳೆದವನು.

ಅವಳಿಗೆ ಅರ್ಥವಾಗದೆ ಇರಲಿಲ್ಲ. ಶುಕ್ರವಾರ ಸಂಜೆ ಹೊಸ ದೇಶವೊಂದನ್ನು ಹುಡುಕಿಟ್ಟುಕೊಳ್ಳುವಾಗ, ಇದನ್ನು ಅವನು ಹೇಗೆ ಬೇಡವೆನ್ನಬಹುದೆಂದು ಊಹಿಸಿ ಒಬ್ಬಳೇ ನಗುತ್ತಿದ್ದಳು. ಅವನಿಗೆ ಮನೆಯಲ್ಲಿ ತುಳು, ಅವಳಿಗೆ ಆಲೆಟ್ಟಿ ಕಡೆಯ ಅರೆಭಾಷೆ. ಇಬ್ಬರಿಗೂ ಇನ್ನೊಬ್ಬರದ್ದು ಬರುತ್ತಿತ್ತು. ಆದರೂ ನಡುವೆ ಮೇಜೊಂದನ್ನು ಇಟ್ಟುಕೊಂಡಂತೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಮೊದಲು ಕಂಡುಹಿಡಿದವನು ರವೂಫ್. ಬಸ್ಸಿನ ಕಂಡಕ್ಟರ್ ಅಣ್ಣ, ಹೋಟೆಲಿನವ ಅಣ್ಣ, ಅಮೆರಿಕದಿಂದ ಫೋನ್ ಮಾಡುವ ಮುದುಕ ಕೂಡ ಆಫೀಸಿನ ಮಾತಿನಲ್ಲಿ ಜಾನಣ್ಣ. ಎರಡು ತಿಂಗಳಿಂದ ಬರುತ್ತಿರುವ ಈ ಗಿರಾಕಿಗೆ ಮಾತ್ರ ಅವಳು ಒಮ್ಮೆಯೂ ಅಣ್ಣ ಸೇರಿಸಿದ್ದಿಲ್ಲ.

"ಊರಿಗೆಲ್ಲ ತಂಗಿ, ಕಡಬಕ್ಕೆ ಮಾತ್ರ ಬರೀ 'ನೀವು'," ಎಂದ ರವೂಫ್ ಫೈಲಿನಿಂದ ತಲೆ ಎತ್ತದೆ. "ಅವನಿಗೆ ಬೇಕಾದ ಮೀನು ಯಾವ ಸಮುದ್ರದಲ್ಲೂ ಇಲ್ಲ ಮಾರಾಯ್ತಿ. ನನ್ನ ಕುರ್ಚಿ ಸವೀತಾ ಉಂಟು."

ಅವಳು ಕೇಳಿಸದವಳಂತೆ ಕೀಬೋರ್ಡ್ ಕುಟ್ಟಿದಳು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂರು ಸಾಲು ಬಿದ್ದವು.

ಡಿಸೆಂಬರಿನಲ್ಲಿ ಅವಳ ಮನೆಯಲ್ಲಿ ಸಂಬಂಧದ ಮಾತು ಬಂತು. ಹುಡುಗ ಸೂರಜ್, ಪಂಜದಲ್ಲಿ ಹೈಸ್ಕೂಲ್ ಮೇಷ್ಟ್ರು. ಒಳ್ಳೆಯವನೆಂದು ಎಲ್ಲರೂ ಹೇಳಿದರು, ಅವಳಿಗೂ ಹಾಗೇ ಕಂಡಿತ್ತು. ಅಪ್ಪ ದುಗ್ಗಪ್ಪ ಬಲವಂತ ಮಾಡುವವರಲ್ಲ. ಹೌದೋ ಅಲ್ಲವೋ ಎಂದು ಶನಿವಾರದೊಳಗೆ ಹೇಳು, ಹುಡುಗನ ಕಡೆಯವರನ್ನು ಕಾಯಿಸುವುದು ಚಂದವಲ್ಲ ಎಂದಷ್ಟೇ ಹೇಳಿದ್ದರು. ಅಂದು ಬುಧವಾರ.

ಅದೇ ಬುಧವಾರ ಅರ್ಜೆಂಟೀನಾದಿಂದ ಒಂದು ಮೇಲ್ ಬಂತು. ಭೂಮಿಯ ದಕ್ಷಿಣದ ತುದಿಯಲ್ಲೊಂದು ನದಿ. ಸಮುದ್ರಕ್ಕೆ ಹೋಗಿ ತೋಳುದ್ದ ಬೆಳೆದ ಟ್ರೌಟ್ ಮೀನುಗಳು ಅಲ್ಲಿಗೆ ಮರಳಿ ಬರುತ್ತವೆ. ಒಂದು ವರ್ಷ ಮೊದಲೇ ತುಂಬಿಹೋಗುವ ಲಾಡ್ಜಿನಲ್ಲಿ ಫೆಬ್ರವರಿ ಕೊನೆಯ ವಾರಕ್ಕೆ ಒಬ್ಬರು ರದ್ದು ಮಾಡಿದ್ದರು. ಒಂದೇ ಜಾಗ. ಮೂರು ದಿನ ಹೋಲ್ಡ್ ಇಡುತ್ತೇವೆ, ಶನಿವಾರ ನಾಲ್ಕು ಗಂಟೆಯೊಳಗೆ ಮುಂಗಡ ಬಾರದಿದ್ದರೆ ಬೇರೆಯವರಿಗೆ ಎಂದು ಬರೆದಿದ್ದರು.

ಯಶಸ್ವಿ ಆ ಇಮೇಲನ್ನು ಬಹಳ ಹೊತ್ತು ನೋಡಿದಳು. ಕುದುರೆ ಇಲ್ಲ, ಬಿಸಿಲಿಲ್ಲ, ಬೂಟು ಅವರೇ ಕೊಡುತ್ತಾರೆ. ಬೇಡವೆನ್ನಲು ಅವನಿಗೆ ಒಂದು ನೆವವೂ ಉಳಿಯುವುದಿಲ್ಲ. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅವನ ಗದ್ದೆಯ ಸಂಜೆಗಳು ನೆನಪಾದವು. ಫೋನ್ ಮಾಡಿ ಹೇಳಿದಳು. ಅವನು, ಶನಿವಾರ ಬಂದೇ ಹೇಳುತ್ತೇನೆ ಎಂದ.

ಅವಳು ತನ್ನೊಳಗೆ ಒಂದು ಕರಾರು ಮಾಡಿಕೊಂಡಳು. ನೆವವಿಲ್ಲದೆಯೂ ಅವನು ಆ ಜಾಗ ಬಿಟ್ಟುಕೊಟ್ಟರೆ, ಅವನು ಬರುತ್ತಿದ್ದದ್ದು ತನಗಾಗಿ. ಆಗ ಅಪ್ಪನಿಗೆ ಇಲ್ಲ ಎನ್ನುವುದು. ದುಡ್ಡು ಕಟ್ಟಿದರೆ, ಇಷ್ಟು ದಿನ ಅವನು ಹುಡುಕಿದ್ದು ಮೀನನ್ನೇ. ಆಗ ಹೌದೆನ್ನುವುದು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ನಿಜ. ಕೇಳುವ ಧೈರ್ಯ ಇದ್ದವರು ಕರಾರು ಮಾಡಿಕೊಳ್ಳುವುದಿಲ್ಲ.

ಶನಿವಾರ ಬೆಳಗ್ಗೆಯಿಂದ ಮೆಟ್ಟಿಲಲ್ಲಿ ಪ್ರತಿ ಹೆಜ್ಜೆಯ ಸದ್ದಿಗೂ ಅವಳ ಕೈ ಕೂದಲಿಗೆ ಹೋಗುತ್ತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಉದಯ ಬರಲಿಲ್ಲ. ಎರಡು ಗಂಟೆಗೆ ಬಂದವರು ದುಗ್ಗಪ್ಪ. ಪೇಟೆಯ ಕೆಲಸ ಮುಗಿಸಿ, ಮಗಳನ್ನು ಜೊತೆಗೇ ಕರೆದುಕೊಂಡು ಹೋಗೋಣವೆಂದು ಬಂದಿದ್ದರು. ಉದಯ ಕೂರುವ ಕುರ್ಚಿಯಲ್ಲೇ ಕುಳಿತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಉತ್ತರ ಕೇಳಲಿಲ್ಲ. ಕಾದರು.

ಮೂರು ದಾಟಿತು. ರವೂಫ್ ಗಡಿಯಾರ ನೋಡಿ, ಆ ಹೋಲ್ಡ್ ಎಂತಾಯ್ತು, ಫೋನ್ ಮಾಡು ಎಂದ. ಅವಳು ಮಾಡಿದಳು. ಎರಡು ಮಾರು ದೂರದಲ್ಲಿ ಅಪ್ಪ. ಮಗಳ ಬಾಯಿಂದ ಒಬ್ಬ ಗಂಡಸಿನ ಬರೀ ಹೆಸರು ಹೇಗೆ ಕೇಳಿಸುತ್ತದೆಂದು ತಿಳಿಯದವರಲ್ಲ ಅವರು. ಅವಳ ನಾಲಗೆ ತನಗೆ ಗೊತ್ತಿದ್ದ ಸುರಕ್ಷಿತ ದಾರಿ ಹಿಡಿಯಿತು.

"ಉದಯಣ್ಣ, ಯಶಸ್ವಿ ಮಾತಾಡುದು. ಆ ಹೋಲ್ಡ್ ನಾಲ್ಕು ಗಂಟೆಗೆ ಮುಗೀತದೆ. ಎಂತ ಮಾಡುದು?"

ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು. ಅವನ ಉಸಿರೂ ಕೇಳಿಸಿತು.

"ಬುಕ್ ಮಾಡಿ. ದುಡ್ಡು ಈಗ ಹಾಕ್ತೇನೆ. ಇನ್ನು ನಿಮಗೆ ತೊಂದರೆ ಕೊಡುದಿಲ್ಲ."

ಹತ್ತು ನಿಮಿಷದಲ್ಲಿ ಮುಂಗಡ ಬಂತು. ರವೂಫ್ ಕೈತಟ್ಟಲು ಹೊರಟವನು ಅವಳ ಮುಖ ನೋಡಿ ಕೈ ಇಳಿಸಿದ. ಯಶಸ್ವಿ ಅರ್ಜೆಂಟೀನಾಕ್ಕೆ ದೃಢೀಕರಣ ಕಳುಹಿಸಿ, ಕಂಪ್ಯೂಟರ್ ಮುಚ್ಚಿ, ಬ್ಯಾಗ್ ಎತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಅಪ್ಪನಿಗೆ, ಆಗಬಹುದು ಎಂದಳು.

ಜನವರಿಯಲ್ಲಿ ವೀಳ್ಯಶಾಸ್ತ್ರವಾಗಿ ಸೂರಜ್‌ನೊಂದಿಗೆ ಮದುವೆ ನಿಶ್ಚಯವಾಯಿತು. ಉದಯನ ವೀಸಾ, ಟಿಕೆಟ್, ಚಳಿಯ ಬಟ್ಟೆಯ ಪಟ್ಟಿ ಎಲ್ಲ ಇಮೇಲಿನಲ್ಲೇ ನಡೆಯಿತು. ಅವನು ಚುಟುಕಾಗಿ ಉತ್ತರಿಸುತ್ತಿದ್ದ. ಅವಳು ಕೊನೆಯಲ್ಲಿ ಯಾವಾಗಲೂ ಹಾಕುವ ಶುಭಾಶಯದ ಸಾಲನ್ನು ಒಮ್ಮೆ ಅಳಿಸಿ, ಮತ್ತೆ ಬರೆದು ಕಳಿಸುತ್ತಿದ್ದಳು. ಅವನು ವಿಮಾನದಲ್ಲಿದ್ದ ಎರಡು ದಿನ ಅದು ಎಲ್ಲಿ ಹಾರುತ್ತಿದೆಯೆಂದು ಫೋನಿನಲ್ಲಿ ನೋಡುತ್ತಲೇ ಇದ್ದಳು. ಗಿರಾಕಿಗಳೆಲ್ಲರಿಗೂ ಹಾಗೆ ಮಾಡುತ್ತೇನೆಂದು ರವೂಫ್‌ಗೆ ಹೇಳಿದಳು. ಅವನು ತಲೆಯಾಡಿಸಿದ.

ಮಾರ್ಚಿನ ಎರಡನೆಯ ಶನಿವಾರ ಉದಯ ಬಂದ. ಹೋಗಿ ಬಂದವರು ಪ್ರವಾಸದ ವರದಿ ಕೊಡಬೇಕು, ಅದು ಆಫೀಸಿನ ಪದ್ಧತಿ. ರವೂಫ್ ನಮಾಜಿಗೆಂದು ಹೊರಗೆ ಹೋದ. ಗಾಳಿಗೆ ಸುಲಿದ ಉದಯನ ಮೂಗು ಇನ್ನೂ ಕೆಂಪಗಿತ್ತು. ಅವಳ ಬೆರಳಿನ ಉಂಗುರವನ್ನು ಅವನು ಕೂರುವ ಮೊದಲೇ ನೋಡಿದ.

ಅವಳು ಪ್ರಶ್ನೆ ಓದಿದಳು, ಅವನು ಉತ್ತರ ಹೇಳಿದ. ಊಟ ಒಳ್ಳೆಯದಿತ್ತು, ಅನ್ನ ಇರಲಿಲ್ಲ. ಗಾಳಿ ಮನುಷ್ಯನನ್ನು ದೂಡಿ ಹಾಕುವಂಥದ್ದು. ಆರು ದಿನದಲ್ಲಿ ಸಿಕ್ಕಿದ್ದು ಒಂದು ಮೀನು.

"ಗೈಡ್ ಹೇಗಿದ್ದರು?"

"ಒಳ್ಳೆಯವ. ನಾನು ಬೀಸುದನ್ನು ನೋಡಿ ತಪ್ಪು ಹೇಳಿದ. ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ಕಾಯ್ಬೇಕು, ಆದ ಕೂಡ್ಲೆ ಮುಂದೆ ಹಾಕ್ಬೇಕಂತೆ. ನಾನು ಅದಾದ ಮೇಲೂ ಕಾಯ್ತೇನೆ. ಅಷ್ಟರಲ್ಲಿ ದಾರ ನೆಲಕ್ಕೆ ಬಿದ್ದಿರ್ತದೆ."

ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು.

"ಆ ದಿನ ಯಾಕೆ ಬರ್ಲಿಲ್ಲ ನೀವು?" ಇದು ಫಾರಂನಲ್ಲಿರಲಿಲ್ಲ.

"ಬರ್ತಾ ಇದ್ದೆ. ಬಸ್ ಕೆಟ್ಟು ತಡವಾಯ್ತು, ಉಪ್ಪಿನಂಗಡಿಯಲ್ಲಿ ಬೇರೆ ಬಸ್ಸಿಗೆ ನಿಂತಿದ್ದೆ. ಅರ್ಜೆಂಟೀನಾ ಬೇಡ, ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ ಅಂತ ಹೇಳ್ಬೇಕಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆಗ ನಿಮ್ಮ ಫೋನ್ ಬಂತು." ಅವನು ಮೇಜಿನ ಅಂಚನ್ನು ಉಗುರಿನಿಂದ ಗೀರಿದ. "ನೀವು ಅಣ್ಣ ಅಂದ್ರಿ."

ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಕಿಟಕಿಯ ಗಾಜು ಅದುರಿ ನಿಂತಿತು.

"ಅಪ್ಪ ಎದುರಲ್ಲಿ ಕೂತಿದ್ರು," ಎಂದಳು ಯಶಸ್ವಿ.

ಅವನು ಅರ್ಥ ಮಾಡಿಕೊಳ್ಳುವುದನ್ನು ಅವಳು ನೋಡಿದಳು. ಅದು ಅವನ ಮುಖದಲ್ಲಿ ನಿಧಾನವಾಗಿ ಇಳಿಯಿತು, ಮೊದಲು ಕಣ್ಣಿಗೆ, ಆಮೇಲೆ ತುಟಿಗೆ. ನಗಲು ನೋಡಿದ, ಆಗಲಿಲ್ಲ.

"ನೀವು ದುಡ್ಡು ಕಟ್ಟದಿದ್ರೆ ನಾನು ಅಪ್ಪನಿಗೆ ಈ ಸಂಬಂಧ ಬೇಡ ಅಂತಿದ್ದೆ," ಎಂದಳು ಅವಳು. ಮುಚ್ಚಿಟ್ಟು ಈಗ ಯಾರಿಗೆ ಉಪಕಾರ. "ನೀವು ಬರ್ಬೇಕಂತಲೇ ಕಾದದ್ದು. ಎಲ್ಲ ಶನಿವಾರವೂ."

ಅವನು ಬಹಳ ಮೆಲ್ಲಗೆ, ಇನ್ನೂ ದಾರಿ ಉಂಟಾ ಎಂದು ಕೇಳಿದ. ಕನ್ನಡದಲ್ಲಲ್ಲ, ತುಳುವಿನಲ್ಲಿ. ತನ್ನ ಮನೆಯೊಳಗೆ ಕರೆದು ಕೇಳಿದ ಹಾಗಿತ್ತು ಅದು. ಅವಳ ಕಣ್ಣು ತುಂಬಿತು.

ಅವಳು ಸೂರಜ್‌ನ ವಿಷಯ ಹೇಳಿದಳು. ಅವನಿಗೆ ಹಿಂದೆ ಒಮ್ಮೆ ನಿಶ್ಚಯವಾಗಿ, ಮದುವೆಗೆ ಹದಿನೈದು ದಿನ ಇರುವಾಗ ಮುರಿದಿತ್ತು. ಹಂಚಿದ ಮದುವೆ ಕಾಗದಗಳನ್ನು ವಾಪಸು ಕೇಳಿಕೊಂಡು ಮನೆಮನೆಗೆ ಹೋದದ್ದನ್ನು ಅವನು ತಾನಾಗಿ ಅವಳಿಗೆ ಹೇಳಿದ್ದ. ಬಾಯಿ ಬಿಡದೆ ಕೂತವರು ನಾವಿಬ್ಬರು, ಆ ಮನುಷ್ಯನನ್ನು ಇನ್ನೊಮ್ಮೆ ಆ ದಾರಿಯಲ್ಲಿ ನಡೆಸಲು ನನ್ನಿಂದ ಆಗದು ಎಂದಳು.

ಉದಯ ವಾದ ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

"ಇನ್ನು ಎಷ್ಟು ಪ್ರಶ್ನೆ ಉಂಟು?" ಎಂದು ಕೇಳಿದ.

"ಒಂದು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆಫೀಸಿನ ಧ್ವನಿಯಲ್ಲೇ ಓದಲು ಪ್ರಯತ್ನಿಸಿದಳು. "ಮುಂದಿನ ಪ್ರವಾಸಗಳ ಬಗ್ಗೆ ನಿಮಗೆ ಫೋನ್ ಮಾಡಬಹುದಾ?"

ಅವನು ಯೋಚಿಸಿದ.

"ಇಲ್ಲ ಅಂತ ಹಾಕಿ," ಎಂದ. "ನೀವು ಕರೆದ್ರೆ ನಾನು ಬಂದು ಬಿಡ್ತೇನೆ. ಅದಕ್ಕೆ."

ಯಶಸ್ವಿ ಪರದೆಯ ಬಾಣವನ್ನು ಎಳೆದುಕೊಂಡು ಹೋಗಿ 'ಇಲ್ಲ' ಎಂಬಲ್ಲಿ ಒತ್ತಿದಳು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಟಿಕ್ ಬಿತ್ತಾ ಎಂದು ಅವನನ್ನೇ ಕೇಳಿದಳು. ಉದಯ ಎದ್ದು, ಮೇಜು ಸುತ್ತಿ ಅವಳ ಪಕ್ಕಕ್ಕೆ ಬಂದು, ಪರದೆಗೆ ಬಗ್ಗಿ ನೋಡಿದ. ಇಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ.

"ಬಿದ್ದಿದೆ," ಎಂದ.